ಹಳೆಯ ಕಾರಿಗೆ ಬಿಸಿ ಸೀಟು: ಸ್ವಿಚ್ಚು ಕೊನೆಗೆ ಬರಲಿ

ನಮಸ್ಕಾರ. ಹಳೆಯ ಕಾರಿಗೆ ಸೀಟ್ ಹೀಟರ್ ಹಾಕಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ಕೊಳ್ಳುವ ವಸ್ತು ಸ್ವಿಚ್ಚು. ಅದೇ ಕಾಲದ, ಅದೇ ಕಂಪನಿಯ, ಸಾಧ್ಯವಾದರೆ ಅದೇ ಮಾದರಿಯ ದುಬಾರಿ ಆವೃತ್ತಿಯಿಂದ ಕಳಚಿದ ಸ್ವಿಚ್ಚು ಸಿಕ್ಕಿತೆಂದರೆ ಅರ್ಧ ಕೆಲಸ ಮುಗಿದಂತೆ ಸಂಭ್ರಮಿಸುತ್ತಾರೆ. ನೋಡಿದವರಿಗೆ ಅದು ಕಂಪನಿ ಫಿಟಿಂಗ್ ಎಂದೇ ಅನ್ನಿಸಬೇಕು ಎಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಕಾರು ತಯಾರಿಸಿದವರು ಆ ಸ್ವಿಚ್ಚಿನ ಜಾಗವನ್ನು ಗುರುತಿಸುವ ಮೊದಲೇ ಬ್ಯಾಟರಿಯ ಲೆಕ್ಕ, ಎಂಜಿನ್ ಓಡುವಾಗ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರಿನ ಲೆಕ್ಕ ಹಾಕಿದ್ದರು, ಸೀಟು ಎಷ್ಟು ಬಿಸಿಯಾದರೆ ಸಾಕೆಂದು ನಿರ್ಧರಿಸಿದ್ದರು, ಹೊದಿಕೆಯ ಕೆಳಗೆ ತಂತಿ ಎಲ್ಲಿ ಬಾಗುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಪರೀಕ್ಷೆ ಮಾಡಿದ್ದರು. ಕಂಪನಿ ಫಿಟಿಂಗ್ ಎನ್ನಿಸಿಕೊಳ್ಳಬೇಕಾದದ್ದು ಆ ಲೆಕ್ಕ. ಅದನ್ನು ಬಿಟ್ಟು ಗುಂಡಿಯನ್ನಷ್ಟೇ ನಕಲು ಮಾಡಿದರೆ, ಹೊರಗಿನಿಂದ ಚೆಂದ ಕಾಣುವ, ಒಳಗೆ ನಂಬಲಾಗದ ಒಂದು ವ್ಯವಸ್ಥೆಯನ್ನು ನಾವೇ ಕೈಯಾರೆ ಕೂರಿಸಿಕೊಂಡಂತಾಗುತ್ತದೆ.

ಹಳೆಯ ಕಾರಿನಲ್ಲಿ ಬಿಸಿ ಸೀಟು ಎಂದರೆ ಅಪಚಾರ ಎನ್ನುವವರಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇದು ಅವರು ಭಾವಿಸಿರುವಷ್ಟು ಹೊಸ ಸೌಕರ್ಯವಲ್ಲ. ಜನರಲ್ ಮೋಟರ್ಸ್‌ನಲ್ಲಿ ಸೀಟ್ ಹೀಟರಿನ ಯೋಚನೆ 1950ರ ದಶಕದ ಆರಂಭದಲ್ಲಿಯೇ ಪೇಟೆಂಟ್ ಅರ್ಜಿಯ ರೂಪ ಪಡೆದಿತ್ತು. 1966ರ ಕ್ಯಾಡಿಲಾಕ್ ಕೊಳ್ಳುವವರು ಹೆಚ್ಚಿಗೆ ಹಣ ಕೊಟ್ಟರೆ ಬಿಸಿ ಸೀಟು ಸಿಗುತ್ತಿತ್ತು. ಸ್ವೀಡನ್ನಿನ ಸಾಬ್ ಕಂಪನಿ 1972ರ ಹೊತ್ತಿಗೆ ತನ್ನ 99 ಮಾದರಿಯಲ್ಲಿ ಚಾಲಕನ ಸೀಟಿಗೆ ಹೀಟರನ್ನು ಹೆಚ್ಚಿನ ಬೆಲೆಯಿಲ್ಲದೆ ಕೊಡತೊಡಗಿತು. ಮರ್ಸಿಡಿಸ್ ಡಬ್ಲ್ಯೂ123, ಬಿಎಂಡಬ್ಲ್ಯೂ ಇ30 ಮಾದರಿಗಳಲ್ಲೂ ಅದು ಆಯ್ಕೆಯ ಪಟ್ಟಿಯಲ್ಲಿತ್ತು. ಹಾಗಾಗಿ 1970ರ ದಶಕದ ಒಂದು ಸೆಡಾನಿಗೆ ಹೀಟರ್ ಹಾಕಿಸುವುದನ್ನು ಕಾಲಕ್ಕೆ ಒಗ್ಗದ ಕೆಲಸ ಎನ್ನಲಾಗದು. 1930ರ ದಶಕದ ಕಾರಿಗೆ ಹಾಕಿಸುವ ಮಾತು ಬೇರೆ. ಅಲ್ಲಿ ನಾನೂ ತಕರಾರಿನವರ ಪಕ್ಷ.

ಉಪಯೋಗದ ದೃಷ್ಟಿಯಿಂದಲೂ ಹಳೆಯ ಕಾರಿಗೇ ಇದು ಹೆಚ್ಚು ಒಪ್ಪುತ್ತದೆ. ಎಂಜಿನ್ನಿನ ನೀರು ಕಾದು, ಆ ಶಾಖ ಹೀಟರ್ ಪೆಟ್ಟಿಗೆಯ ಮೂಲಕ ಒಳಗೆ ಬರುವಷ್ಟರಲ್ಲಿ ಸಣ್ಣ ಪ್ರಯಾಣವೇ ಮುಗಿದಿರುತ್ತದೆ. ಬಾಗಿಲಿನ ರಬ್ಬರು ಸವೆದ ಕಾರುಗಳಲ್ಲಿ, ಮೇಲ್ಛಾವಣಿ ತೆರೆದು ಓಡಿಸುವ ಕಾರುಗಳಲ್ಲಿ ಬಿಸಿಗಾಳಿ ಒಳಗೆ ನಿಲ್ಲುವುದೇ ಇಲ್ಲ. ಸೀಟಿನ ಶಾಖವಾದರೋ ನೇರವಾಗಿ ಮೈಗೆ ತಾಗುತ್ತದೆ, ಗಾಳಿ ಅದನ್ನು ಅಷ್ಟು ಸುಲಭವಾಗಿ ಹೊತ್ತೊಯ್ಯಲಾರದು. ಇಡೀ ಕಾರಿನ ಗಾಳಿಯನ್ನು ಕಾಯಿಸುವುದಕ್ಕಿಂತ ಕುಳಿತವರ ಬೆನ್ನನ್ನು ಕಾಯಿಸುವುದಕ್ಕೆ ಬೇಕಾಗುವ ಶಕ್ತಿ ಎಷ್ಟೋ ಕಡಿಮೆ. ಇಂದಿನ ಎಲೆಕ್ಟ್ರಿಕ್ ಕಾರುಗಳ ತಯಾರಕರು ಬಿಸಿ ಸೀಟಿಗೆ ಇಷ್ಟು ಮಹತ್ವ ಕೊಡುವುದಕ್ಕೂ ಇದೇ ಕಾರಣ.

ಈಗ ವಿದ್ಯುತ್ತಿನ ವಿಷಯ. ನನ್ನ ಮಟ್ಟಿಗೆ ಈ ಕೆಲಸದ ನಿಜವಾದ ತೀರ್ಮಾನ ಆಗುವುದು ಇಲ್ಲಿ. ಕುಳಿತುಕೊಳ್ಳುವ ಭಾಗ ಮತ್ತು ಬೆನ್ನಿನ ಭಾಗ ಎರಡೂ ಸೇರಿ ಒಂದು ಸೀಟಿನ ಹೀಟರ್ ಸಾಮಾನ್ಯವಾಗಿ 4ರಿಂದ 6 ಆಂಪಿಯರ್ ಎಳೆಯುತ್ತದೆ. ಎರಡು ಸೀಟಿಗೆ ಹತ್ತು ಆಂಪಿಯರ್ ಎಂದಿಟ್ಟುಕೊಳ್ಳಿ. ಇಂದಿನ ಕಾರಿಗೆ ಅದು ಲೆಕ್ಕಕ್ಕೇ ಬಾರದ ಹೊರೆ. ಆದರೆ 1960ರ ದಶಕದ ಅನೇಕ ಬ್ರಿಟಿಷ್ ಕಾರುಗಳಲ್ಲಿದ್ದ ಲ್ಯೂಕಸ್ ಸಿ40 ಡೈನಮೊ (ಆಲ್ಟರ್ನೇಟರಿಗಿಂತ ಮೊದಲು ಅದೇ ಕೆಲಸ ಮಾಡುತ್ತಿದ್ದ ಯಂತ್ರ) ಹೆಚ್ಚೆಂದರೆ 22 ಆಂಪಿಯರ್ ಕೊಡುತ್ತಿತ್ತು, ಅದೂ ಎಂಜಿನ್ ಚೆನ್ನಾಗಿ ತಿರುಗುತ್ತಿರುವಾಗ ಮಾತ್ರ. ಚಳಿಯ ರಾತ್ರಿ, ಮಳೆಯೂ ಇದೆ ಎನ್ನೋಣ. 55 ವ್ಯಾಟಿನ ಎರಡು ಹೆಡ್‌ಲೈಟುಗಳಿಗೆ ಸುಮಾರು 8 ಆಂಪಿಯರ್, ಹಿಂದಿನ ಮತ್ತು ಪಕ್ಕದ ದೀಪಗಳಿಗೆ 2, ವೈಪರಿಗೆ 2ರಿಂದ 3, ಇಗ್ನಿಷನ್ ಕಾಯಿಲ್‌ಗೆ 3ರಿಂದ 4, ಕಾರಿನ ಹೀಟರ್ ಫ್ಯಾನಿಗೆ ಮತ್ತೊಂದಿಷ್ಟು. ಸೀಟು ಇನ್ನೂ ಲೆಕ್ಕಕ್ಕೆ ಬಂದಿಲ್ಲ, ಡೈನಮೊ ಆಗಲೇ ಏದುಸಿರು ಬಿಡುತ್ತಿದೆ. ಅದರ ಮೇಲೆ ಹತ್ತು ಆಂಪಿಯರ್ ಹೇರಿದರೆ ಕೊರತೆ ಬಿದ್ದದ್ದನ್ನು ತುಂಬಿಕೊಡುವುದು ಬ್ಯಾಟರಿ. ಸಿಗ್ನಲ್ಲಿನಲ್ಲಿ ನಿಂತು ಎಂಜಿನ್ ನಿಧಾನಕ್ಕಿಳಿದರೆ ಡೈನಮೊದಿಂದ ಬರುವುದು ಹೆಚ್ಚುಕಡಿಮೆ ಸೊನ್ನೆ. ಹೀಗೆ ದಿನವೂ ಓಡಿಸಿದವರು ಬ್ಯಾಟರಿಯನ್ನು ದೂರುತ್ತಾರೆ, ಸೀಟನ್ನು ಯಾರೂ ದೂರುವುದಿಲ್ಲ.

ಆದ್ದರಿಂದ ಡೈನಮೊ ಇರುವ ಕಾರಿನ ಮಾಲೀಕರ ಮುಂದೆ ಎರಡೇ ದಾರಿಗಳಿವೆ: ಆಲ್ಟರ್ನೇಟರಿಗೆ ಬದಲಾಯಿಸಿಕೊಳ್ಳುವುದು, ಇಲ್ಲವೇ ಚಾಲಕನ ಸೀಟೊಂದಕ್ಕೆ ಮಾತ್ರ ಹೀಟರ್ ಹಾಕಿಸಿ ಅದನ್ನೂ ಮಿತವಾಗಿ ಬಳಸುವುದು. ಎರಡನೆಯದನ್ನು ಜನ ಅರೆಮನಸ್ಸಿನ ಕೆಲಸ ಎನ್ನುತ್ತಾರೆ. ಸಾಬ್ ಆರಂಭಿಸಿದ್ದೂ ಚಾಲಕನ ಸೀಟಿನಿಂದಲೇ ಎಂಬುದನ್ನು ಅವರು ನೆನಪಿಡಲಿ. ಇನ್ನು 6 ವೋಲ್ಟ್ ವ್ಯವಸ್ಥೆಯ ಕಾರುಗಳು. 1960ರ ದಶಕದ ಮಧ್ಯದವರೆಗಿನ ಫೋಕ್ಸ್‌ವ್ಯಾಗನ್ ಬೀಟಲ್ ಅಂಥದ್ದು. 12 ವೋಲ್ಟಿನ ಹೀಟರನ್ನು 6 ವೋಲ್ಟಿಗೆ ಜೋಡಿಸಿದರೆ ಶಾಖ ಅರ್ಧಕ್ಕೆ ಇಳಿಯುತ್ತದೆಂದು ಹಲವರು ಭಾವಿಸುತ್ತಾರೆ. ಇಳಿಯುವುದು ಕಾಲು ಭಾಗಕ್ಕೆ, ಏಕೆಂದರೆ ಶಕ್ತಿಯು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಅಂಥ ಕಾರಿಗೆ ಹೀಟರ್ ಹಾಕಿಸುವ ಯೋಚನೆಯನ್ನೇ ಬಿಡುವುದು ಒಳ್ಳೆಯದು. ಪಾಸಿಟಿವ್ ಅರ್ತ್ ಇರುವ, ಅಂದರೆ ಬ್ಯಾಟರಿಯ ಪ್ಲಸ್ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸಿರುವ ಕಾರುಗಳಲ್ಲಿ ಇನ್ನೊಂದು ತೊಡಕಿದೆ. 1967ರವರೆಗಿನ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಹಾಗಿತ್ತು. ಬರೀ ಕಾಯುವ ತಂತಿಗೆ ಪ್ಲಸ್ಸು, ಮೈನಸ್ಸುಗಳ ಹಂಗಿಲ್ಲ. ಆದರೆ ಕಿಟ್ಟಿನ ಜೊತೆ ಬರುವ ಎಲೆಕ್ಟ್ರಾನಿಕ್ ನಿಯಂತ್ರಕಕ್ಕೂ ಎಲ್‌ಇಡಿ ಇರುವ ಸ್ವಿಚ್ಚಿಗೂ ಅದು ಮುಖ್ಯ, ತಿರುವುಮುರುವಾದರೆ ಜೋಡಿಸಿದ ಕ್ಷಣದಲ್ಲೇ ಸುಟ್ಟುಹೋಗಬಹುದು.

ಹಳೆಯ ಫ್ಯೂಸ್ ಪೆಟ್ಟಿಗೆಯಲ್ಲಿ ಖಾಲಿ ಜಾಗ ಕಂಡಿತೆಂದು ಅಲ್ಲಿಗೇ ಹೀಟರಿನ ತಂತಿ ಸಿಕ್ಕಿಸುವ ಚಾಳಿಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಬ್ರಿಟಿಷ್ ಕಾರುಗಳಲ್ಲಿರುವ ಲ್ಯೂಕಸ್ ಗಾಜಿನ ಫ್ಯೂಸಿನ ಮೇಲೆ 35 ಆಂಪಿಯರ್ ಎಂದು ಬರೆದಿರುತ್ತದೆ. ಅದು ಫ್ಯೂಸು ಹಾರಿಹೋಗುವ ಅಂಕಿ. ನಿರಂತರವಾಗಿ ಅದು ಹೊರಬಲ್ಲದ್ದು 17 ಆಂಪಿಯರ್ ಮಾತ್ರ. ಈ ವ್ಯತ್ಯಾಸ ತಿಳಿಯದವರು ದಶಕಗಳ ಹಿಂದಿನ ತಂತಿಯ ಮೇಲೆ ನೆಮ್ಮದಿಯಾಗಿ ಹೊರೆ ಹೇರುತ್ತಾ ಹೋಗುತ್ತಾರೆ. ಸರಿಯಾದ ಕ್ರಮ ಕಷ್ಟದ್ದೇನಲ್ಲ. ಬ್ಯಾಟರಿಯಿಂದ ನೇರವಾಗಿ ಹೊಸ ತಂತಿ ಎಳೆದು, ಬ್ಯಾಟರಿಗೆ ಆದಷ್ಟು ಹತ್ತಿರದಲ್ಲಿ ಅದಕ್ಕೇ ಮೀಸಲಾದ ಫ್ಯೂಸ್ ಇಟ್ಟು, ನಡುವೆ ಒಂದು ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹಾಯಿಸುವ, ನಿಲ್ಲಿಸುವ ಸಾಧನ) ಹಾಕಿ, ಆ ರಿಲೇಯನ್ನು ಇಗ್ನಿಷನ್ ಕೀಲಿಯಿಂದ ಮಾತ್ರ ಎಚ್ಚರಗೊಳ್ಳುವಂತೆ ಜೋಡಿಸಿದರೆ, ಕೀಲಿ ತೆಗೆದು ಮನೆಗೆ ಹೋದ ಮೇಲೆ ಸೀಟು ರಾತ್ರಿಯಿಡೀ ಕಾಯುತ್ತಾ ಕೂರುವ ಭಯವಿಲ್ಲ. ಹಳೆಯ ಸ್ವಿಚ್ಚಿನ ಮೂಲಕ ಹರಿಯುವುದು ರಿಲೇಯನ್ನು ಎಬ್ಬಿಸುವಷ್ಟು ಸಣ್ಣ ವಿದ್ಯುತ್ತಾದ್ದರಿಂದ, ನೀವು ಅಷ್ಟು ಹುಡುಕಿ ತಂದ ಆ ಗುಂಡಿಯ ಆಯುಷ್ಯವೂ ಹೆಚ್ಚುತ್ತದೆ.

ಸೀಟಿನ ಒಳಗೆ ಬರೋಣ. ಹಳೆಯ ಸೀಟಿನ ಹೊದಿಕೆಯನ್ನು ಒಮ್ಮೆ ಬಿಚ್ಚಿ ನೋಡಿದವರಿಗೆ ಗೊತ್ತು: ಅಂಚಿನುದ್ದಕ್ಕೂ ಸಣ್ಣ ಲೋಹದ ಉಂಗುರಗಳು, ಅವು ಹಿಡಿದಿರುವ ಉದ್ದನೆಯ ತಂತಿ, ಅದರ ಕೆಳಗೆ ರಬ್ಬರಿನಲ್ಲಿ ಅದ್ದಿ ಒತ್ತಿದ ಕುದುರೆ ಕೂದಲಿನ ಮೆತ್ತೆ, ಮೆತ್ತೆಯ ಕೆಳಗೆ ಗೋಣಿಬಟ್ಟೆ, ಗೋಣಿಯ ಕೆಳಗೆ ಸ್ಪ್ರಿಂಗು. ಕೈಯಿಟ್ಟರೆ ಕಂದು ಪುಡಿ ಉದುರುತ್ತದೆ. ಕಾಯುವ ಎಳೆಗಳಿರುವ ಹೀಟರಿನ ತೆಳು ಹಾಸು ಇರಬೇಕಾದದ್ದು ಈ ಎಲ್ಲದರ ಮೇಲೆ, ಹೊದಿಕೆಗೆ ತಾಗಿಕೊಂಡು. ಮೆತ್ತೆಯ ಕೆಳಗೆ ತೂರಿಸಿದರೆ ಶಾಖ ಮೇಲೆ ಬರುವ ಬದಲು ಒಣಗಿದ ಗೋಣಿಯ ಹತ್ತಿರ ಸಿಕ್ಕಿಕೊಳ್ಳುತ್ತದೆ, ಬಿಸಿ ಸಾಲದೆಂದು ಚಾಲಕ ಹೆಚ್ಚಿನ ಹಂತಕ್ಕೆ ತಿರುಗಿಸುತ್ತಾನೆ. ಇನ್ನು ಸಾಲುಸಾಲು ಮಡಿಕೆ ಹೊಲಿದ ಸೀಟುಗಳಲ್ಲಿ ಹೊದಿಕೆಯನ್ನು ಕೆಳಕ್ಕೆ ಎಳೆದು ಕಟ್ಟುವ ಗೆರೆಗಳಿರುತ್ತವೆ. ಅಗಲವಾದ ಒಂದೇ ಹಾಸನ್ನು ಆ ಗೆರೆಯ ಮೇಲೆ ಹಾಯಿಸಿದರೆ ಕಾಯುವ ತಂತಿ ಅಲ್ಲಿ ಚೂಪಾಗಿ ಮಡಚಿಕೊಳ್ಳುತ್ತದೆ. ಪ್ರತಿ ಸಲ ಯಾರಾದರೂ ಕುಳಿತಾಗ ಆ ಮಡಿಕೆ ಸ್ವಲ್ಪ ಸ್ವಲ್ಪವೇ ದಣಿದು ಒಂದು ದಿನ ಎಳೆ ಹರಿಯುತ್ತದೆ. ಹರಿದ ತುದಿಗಳು ಆಗಾಗ ತಾಗುತ್ತಾ ಬಿಡುತ್ತಾ ಇದ್ದರೆ ಆ ಒಂದು ಬಿಂದುವಿನಲ್ಲಿ ಶಾಖ ಏರಿ ಹೊದಿಕೆಗೆ ಕಪ್ಪು ಚುಕ್ಕೆ ಬೀಳುತ್ತದೆ. ಸೀಟಿನ ಮೇಲೆ ಮೊಣಕಾಲೂರಿ ಹಿಂದಿನಿಂದ ಸಾಮಾನು ತೆಗೆಯುವವರೂ ಇದೇ ಹಾನಿಯನ್ನು ಇನ್ನೂ ಬೇಗ ಮಾಡುತ್ತಾರೆ. ಕಾರ್ಬನ್ ಎಳೆಗಳ ಹಾಸು ಈ ಬಾಗುವಿಕೆಯನ್ನು ತಂತಿಯ ಹಾಸಿಗಿಂತ ಚೆನ್ನಾಗಿ ತಡೆಯುತ್ತದೆ. ಏನೇ ಆದರೂ ಮಡಿಕೆಯ ಗೆರೆಗಳಿಗೆ ಹೊಂದುವಂತೆ ಅದನ್ನು ಕೂರಿಸುವುದು ಅನುಭವಿ ಕುಶನ್ ಕೆಲಸದವರ ಕೈಚಳಕ. ವಿದ್ಯುತ್ತಿನ ಕೆಲಸ ಬಲ್ಲವರು ಅದನ್ನು ತಾವೇ ಮಾಡಲು ಹೋಗಬಾರದು.

ಹೀಗಿರುವಾಗ ನನ್ನ ನಿಲುವು ಕಟ್ಟುನಿಟ್ಟಿನದು. ಕಾರಿನ ಮೂಲ ಹೊದಿಕೆ ಇನ್ನೂ ಗಟ್ಟಿಯಾಗಿದ್ದರೆ ಹೀಟರಿಗೋಸ್ಕರ ಅದನ್ನು ಬಿಚ್ಚಬೇಡಿ. ನಲವತ್ತು, ಐವತ್ತು ವರ್ಷ ಒಂದೇ ಆಕಾರಕ್ಕೆ ಒಗ್ಗಿಹೋದ ಚರ್ಮ ಬಿಚ್ಚಿದ ಮೇಲೆ ಮತ್ತೆ ಅದೇ ಅಂಚಿಗೆ ಎಳೆದರೆ ಬರುವುದಿಲ್ಲ, ಹೊಲಿಗೆಯೇ ಬಿಡುತ್ತದೆ. ಸಾಲದ್ದಕ್ಕೆ ಎಣ್ಣೆಯಂಶ ಆರಿದ ಚರ್ಮಕ್ಕೆ ಕೆಳಗಿನಿಂದ ಶಾಖ ಕೊಡುವುದೆಂದರೆ ಬಿರುಕನ್ನು ಕರೆದು ಕೂರಿಸಿದಂತೆ. ಹೊದಿಕೆ ಹೇಗಿದ್ದರೂ ಬದಲಾಗಬೇಕು, ಮೆತ್ತೆ ಹೇಗಿದ್ದರೂ ಹೊಸದಾಗಬೇಕು ಎಂಬ ಹಂತ ಬಂದಾಗ ಹೀಟರ್ ಹಾಕಿಸಿ. ಆಗ ಹೆಚ್ಚಿನ ಶ್ರಮ ಅಷ್ಟೇನೂ ಇಲ್ಲ, ಕಳೆದುಕೊಳ್ಳುವಂಥದ್ದೂ ಏನಿಲ್ಲ.

ಶಾಖದ ಮಿತಿಯ ವಿಷಯವನ್ನು ಮಾತ್ರ ಯಾರೂ ಹಗುರವಾಗಿ ಕಾಣಬಾರದು. ಕುಳಿತವರ ಮೈಚರ್ಮ ಸುಡುವುದಕ್ಕೆ ಬೆಂಕಿಯೇ ಬೇಕೆಂದಿಲ್ಲ. ಮೊರಿಟ್ಜ್ ಮತ್ತು ಹೆನ್ರಿಕ್ವೆಸ್ ಎಂಬ ಸಂಶೋಧಕರು 1947ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 44 ಡಿಗ್ರಿ ಸೆಲ್ಸಿಯಸ್ ಶಾಖ ಸುಮಾರು ಆರು ಗಂಟೆ ಚರ್ಮಕ್ಕೆ ತಾಗಿದ್ದರೂ ಸುಟ್ಟಗಾಯವಾಗುತ್ತದೆ. ಅಲ್ಲಿಂದ ಮೇಲೆ ಒಂದೊಂದು ಡಿಗ್ರಿ ಏರಿದಂತೆ ಬೇಕಾಗುವ ಸಮಯ ಹೆಚ್ಚುಕಡಿಮೆ ಅರ್ಧರ್ಧವಾಗುತ್ತದೆ. ಆರೋಗ್ಯವಂತರು ಸೀಟು ಅತಿಯಾಗಿ ಬಿಸಿಯಾದರೆ ಮಿಸುಕುತ್ತಾರೆ, ಆರಿಸುತ್ತಾರೆ. ಬೆನ್ನುಹುರಿಗೆ ಪೆಟ್ಟಾದವರಿಗೆ, ಸಕ್ಕರೆ ಕಾಯಿಲೆಯಿಂದ ನರಗಳ ಸ್ಪರ್ಶ ಕುಂದಿದವರಿಗೆ ಸುಡುವುದು ಗೊತ್ತೇ ಆಗುವುದಿಲ್ಲ, ಬಿಸಿ ಸೀಟಿನಿಂದ ಅಂಥವರಿಗೆ ಆಳವಾದ ಗಾಯಗಳಾದದ್ದು ವೈದ್ಯಕೀಯ ವರದಿಗಳಲ್ಲಿ ದಾಖಲಾಗಿದೆ. ಹೀಟರಿನ ಹಾಸಿನೊಳಗೇ ಥರ್ಮೋಸ್ಟಾಟ್ ಅಥವಾ ತಾಪಮಾನದ ಸೆನ್ಸರ್ ಇಲ್ಲದ ಕಿಟ್ ಎಷ್ಟೇ ಅಗ್ಗವಾಗಿ ಸಿಕ್ಕಿದರೂ ನಾನು ಬೇಡ ಎನ್ನುವುದು ಇದಕ್ಕೇ. ಎರಡು ಹಂತದ ಸ್ವಿಚ್ಚಿದ್ದರೆ ಸಾಕಲ್ಲವೇ ಎನ್ನುತ್ತಾರೆ. ಹಲವು ಸರಳ ಹೀಟರುಗಳಲ್ಲಿ ಆ ಹಂತಗಳೆಂದರೆ ಇಷ್ಟೇ: ಬೆನ್ನಿನ ತಂತಿಯನ್ನೂ ಕೆಳಗಿನ ತಂತಿಯನ್ನೂ ಪಕ್ಕಪಕ್ಕ ಜೋಡಿಸಿದರೆ ಹೆಚ್ಚು, ಒಂದರ ಹಿಂದೊಂದು ಜೋಡಿಸಿದರೆ ಅದರ ಕಾಲು ಭಾಗ. ಜಾಣತನದ ಉಪಾಯ ಹೌದು, ಆದರೆ ಕಡಿಮೆ ಹಂತವೂ ನಿಲ್ಲದೆ ಕಾಯುತ್ತಲೇ ಇರುತ್ತದೆ, ಮಿತಿಯನ್ನು ಅದು ಅರಿಯದು.

ಒಂದು ಮಾತು ನಡುವೆ ಹೇಳಲೇಬೇಕು. 2022ರಲ್ಲಿ ಬಿಎಂಡಬ್ಲ್ಯೂ ಕೆಲವು ದೇಶಗಳಲ್ಲಿ, ಕಾರಿನಲ್ಲಿ ಆಗಲೇ ಇರುವ ಸೀಟ್ ಹೀಟರನ್ನು ಬಳಸಲು ತಿಂಗಳ ಚಂದಾ ಕಟ್ಟುವ ವ್ಯವಸ್ಥೆ ತಂದಿತು. ಜನ ಬೈದದ್ದನ್ನು ಕೇಳಿ ಮರುವರ್ಷ ಅದನ್ನು ಕೈಬಿಡುವುದಾಗಿ ಹೇಳಿತು. ಒಂದು ಫ್ಯೂಸು, ಒಂದು ರಿಲೇ, ಒಂದು ಗುಂಡಿಯಲ್ಲಿ ಮುಗಿಯುವ ಹಳೆಯ ಕಾರಿನ ಹೀಟರಿನ ಮೇಲೆ ನನಗೆ ಪ್ರೀತಿ ಇರುವುದಕ್ಕೆ ಈ ಪ್ರಸಂಗವೂ ಸ್ವಲ್ಪ ಕಾರಣ.

ಕೊನೆಗೆ ಸ್ವಿಚ್ಚು. ಡ್ಯಾಶ್‌ಬೋರ್ಡಿಗೆ ಹೊಸ ತೂತು ಕೊರೆಯಬೇಡಿ. ಅನೇಕ ಕಾರುಗಳಲ್ಲಿ ಬಳಸದ ಸ್ವಿಚ್ಚುಗಳ ಜಾಗಕ್ಕೆ ಕಂಪನಿಯವರೇ ಮುಚ್ಚಳ ಹಾಕಿ ಬಿಟ್ಟಿರುತ್ತಾರೆ, ಅದನ್ನು ಬಳಸಿ. ಅದೂ ಇಲ್ಲದಿದ್ದರೆ ಸೀಟಿನ ಬುಡದಲ್ಲೋ ಆಶ್‌ಟ್ರೇಯ ಒಳಗೋ ಅಡಗಿಸಬಹುದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾದ ಟ್ಯೂರಿನ್ ಸನ್ನದು ಹೇಳುವುದೂ ಇದನ್ನೇ: ಬದಲಾವಣೆ ಅನಿವಾರ್ಯವಾದರೆ ಅದು ಎದ್ದು ಕಾಣದಂತಿರಲಿ, ಮತ್ತೆ ಮೊದಲಿನಂತೆ ಮಾಡಲು ಬರುವಂತಿರಲಿ.

ಹೊದಿಕೆಯನ್ನು ಪೂರ್ತಿ ಮುಚ್ಚುವ ಮೊದಲು ಹಾಸಿನ ರೋಧವನ್ನು ಮಲ್ಟಿಮೀಟರಿನಲ್ಲಿ ಅಳೆದು ಬರೆದುಕೊಳ್ಳಿ. ಸೀಟಿನ ಮೇಲೆ ಒಬ್ಬರನ್ನು ಕೂರಿಸಿ, ಅತ್ತಿತ್ತ ಸರಿದಾಡಲು ಹೇಳಿ ಮತ್ತೆ ಅಳೆಯಿರಿ. ಅಂಕಿ ಕುಣಿಯುತ್ತಿದ್ದರೆ ಎಲ್ಲೋ ಎಳೆ ಸಡಿಲವಾಗಿದೆ ಎಂದರ್ಥ, ಅದನ್ನು ಸರಿಪಡಿಸದೆ ಉಂಗುರಗಳನ್ನು ಬಿಗಿಯಬೇಡಿ. ಆಮೇಲೆ ಫ್ಯೂಸು ಎಲ್ಲಿದೆ, ಎಷ್ಟು ಆಂಪಿಯರಿನದು, ಯಾವ ಬಣ್ಣದ ತಂತಿ ಎಲ್ಲಿಗೆ ಹೋಗುತ್ತದೆ, ಅಳೆದ ರೋಧವೆಷ್ಟು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಚಿತ್ರಸಮೇತ ಬರೆದು ಗ್ಲವ್ ಬಾಕ್ಸಿನಲ್ಲಿರುವ ಕಾರಿನ ಕೈಪಿಡಿಯೊಳಗೆ ಇಡಿ. ಕಾರನ್ನು ಮಾರುವ ದಿನ ಆ ಹಾಳೆಯೂ ಕೊಂಡವರ ಕೈ ಸೇರಲಿ.