ಸೇರುವ ಶಾಟ್‌ಗಳು: ಮೊದಲ ಕಿರುಚಿತ್ರಕ್ಕೆ ಹೊರಟ ವಿದ್ಯಾರ್ಥಿ ತಂಡಕ್ಕೆ

ಕೇಳುಗರಿಗೆ ನಮಸ್ಕಾರ.

ಮೊದಲ ಕಿರುಚಿತ್ರಕ್ಕೆ ಕೈಹಾಕುವ ವಿದ್ಯಾರ್ಥಿಗಳು ಎಲ್ಲಕ್ಕಿಂತ ಮೊದಲು ಕೇಳುವುದು ಕ್ಯಾಮೆರಾ ಯಾವುದಿರಬೇಕು ಎಂದು. ಕೈಗೆ ಸಿಕ್ಕಿದ್ದು ಸಾಕು. ಫೋನೇ ಆದರೂ ಸರಿ, ಎಕ್ಸ್‌ಪೋಷರ್ (ಚಿತ್ರಕ್ಕೆ ಸಿಗುವ ಬೆಳಕು), ಫೋಕಸ್, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಹೊಂದಿಕೆ) ಈ ಮೂರನ್ನೂ ತಾವಾಗಿ ಬದಲಾಗದಂತೆ ಲಾಕ್ ಮಾಡಲು ಬಂದರೆ ಅದರಲ್ಲಿ ಕತೆ ಹೇಳಬಹುದು. ವಿದ್ಯಾರ್ಥಿ ಚಿತ್ರಗಳು ಸೋಲುವುದು ಕ್ಯಾಮೆರಾದಿಂದ ಅಲ್ಲ. ಚಿತ್ರೀಕರಣ ಮುಗಿದು ಸಂಕಲನಕ್ಕೆ ಕೂತಾಗ ಒಂದು ಶಾಟ್ ಇನ್ನೊಂದಕ್ಕೆ ಸೇರುವುದಿಲ್ಲ. ನೋಟದ ದಿಕ್ಕು ತಪ್ಪಿರುತ್ತದೆ, ಕೈಯಲ್ಲಿದ್ದ ವಸ್ತು ಇನ್ನೊಂದು ಕೈಗೆ ಹೋಗಿರುತ್ತದೆ, ಒಂದು ಶಾಟಿನಲ್ಲಿ ಫ್ಯಾನಿನ ಸದ್ದು, ಮುಂದಿನದರಲ್ಲಿ ಇಲ್ಲ. ಹಾಗಾಗಿ ಬರವಣಿಗೆ, ಬೆಳಕು, ಶಬ್ದ, ಅಭಿನಯ ಎಲ್ಲವನ್ನೂ ತಂಡ ಒಂದೇ ಪ್ರಶ್ನೆಯಿಂದ ಪರೀಕ್ಷಿಸಬೇಕು: ಈಗ ತೆಗೆಯುತ್ತಿರುವುದು ಮುಂದಿನದಕ್ಕೆ ಸೇರುತ್ತದೆಯೇ?

ಈ ಪಾಠ ಸಿನಿಮಾ ಶಿಕ್ಷಣದಷ್ಟೇ ಹಳೆಯದು. ಮಾಸ್ಕೋದಲ್ಲಿ 1919ರಲ್ಲಿ ಸಿನಿಮಾ ಶಾಲೆ ಆರಂಭವಾದಾಗ ಕಚ್ಚಾ ಫಿಲ್ಮಿಗೆ ವಿಪರೀತ ಅಭಾವವಿತ್ತು. ಅಲ್ಲಿ ಪಾಠ ಹೇಳುತ್ತಿದ್ದ ಲೆವ್ ಕುಲೆಶೋವ್ ಮತ್ತು ಅವರ ವಿದ್ಯಾರ್ಥಿಗಳು ಫಿಲ್ಮೇ ಇಲ್ಲದ ಸಿನಿಮಾಗಳನ್ನು ವೇದಿಕೆಯ ಮೇಲೆ ಅಭ್ಯಾಸ ಮಾಡಿದರು. ಇಂದಿನ ತಂಡಕ್ಕೆ ಆ ಅಭಾವ ಇಲ್ಲ, ಅಭ್ಯಾಸ ಮಾತ್ರ ಈಗಲೂ ಬೇಕು. ಚಿತ್ರೀಕರಣಕ್ಕೆ ವಾರ ಮೊದಲು, ನಟರ ಬದಲು ತಂಡದವರನ್ನೇ ನಿಲ್ಲಿಸಿ, ಪ್ರತಿ ಶಾಟಿಗೆ ಒಂದೊಂದು ಸ್ಟಿಲ್ ಫೋಟೋ ತೆಗೆಯಿರಿ. ಫೋಟೋಗಳನ್ನು ಎಡಿಟಿಂಗ್ ತಂತ್ರಾಂಶದಲ್ಲಿ ಸಾಲಾಗಿ ಇಟ್ಟು, ಸಂಭಾಷಣೆಯನ್ನು ನೀವೇ ಓದಿ ರೆಕಾರ್ಡ್ ಮಾಡಿ ಸೇರಿಸಿ. ಐದು ನಿಮಿಷದ ಚಿತ್ರಕ್ಕೆ ಇದು ಒಂದು ಸಂಜೆಯ ಕೆಲಸ. ಯಾವ ಶಾಟ್ ಬೇಡ, ಯಾವುದು ಮರೆತುಹೋಗಿದೆ ಎಂಬುದು ಅಲ್ಲೇ ಕಣ್ಣಿಗೆ ಬೀಳುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮನೆ ಬಿಟ್ಟು ಹೊರಟ ಅಣ್ಣ ತನ್ನ ಬೀಗದ ಕೈಯನ್ನು ತಂಗಿಗೆ ಕೊಡುತ್ತಾನೆ. ಇಬ್ಬರು ಪಾತ್ರಧಾರಿಗಳು, ಒಂದು ಕೋಣೆ, ಒಂದು ಬಾಗಿಲು. ಮೊದಲ ಚಿತ್ರಕ್ಕೆ ಇಷ್ಟು ಧಾರಾಳವಾಯಿತು. ಚಿತ್ರಕಥೆಯಲ್ಲಿ ಕಣ್ಣಿಗೆ ಕಾಣುವುದನ್ನೂ ಕಿವಿಗೆ ಕೇಳುವುದನ್ನೂ ಮಾತ್ರ ಬರೆಯಿರಿ. "ಅವನಿಗೆ ಬಾಲ್ಯವೆಲ್ಲ ನೆನಪಾಯಿತು" ಎಂಬ ಸಾಲನ್ನು ಯಾರೂ ಚಿತ್ರೀಕರಿಸಲಾರರು. "ಗೊಂಚಲಿನಿಂದ ಬೀಗದ ಕೈ ಬಿಡಿಸಲು ಹೋಗಿ ಮಧ್ಯದಲ್ಲಿ ನಿಲ್ಲಿಸುತ್ತಾನೆ" ಎಂದರೆ ನಟನಿಗೂ ಕ್ಯಾಮೆರಾದವರಿಗೂ ಕೆಲಸ ಸಿಕ್ಕಿತು. ಒಂದು ಪುಟಕ್ಕೆ ಒಂದು ನಿಮಿಷ ಎಂಬ ಅಂದಾಜು ಇಂಗ್ಲಿಷ್ ಚಿತ್ರಕಥೆಯ ಅಚ್ಚಿನ ಅಳತೆಗೆ ಹುಟ್ಟಿದ್ದು. ಕನ್ನಡದಲ್ಲಿ ಬರೆದ ಪುಟಕ್ಕೆ ಅದನ್ನು ನಂಬಬೇಡಿ. ಚಲನೆಯ ಸಮೇತ ಜೋರಾಗಿ ಓದಿ, ಸ್ಟಾಪ್‌ವಾಚ್ ಹಿಡಿದು ಅಳೆಯಿರಿ. ಮೊದಲ ಚಿತ್ರ ಐದು ನಿಮಿಷ ದಾಟುವುದು ಬೇಡ.

ಇನ್ನು ತಂಡ. ಏಳೆಂಟು ಜನರಿದ್ದರೆ ಕೆಲಸ ಸರಾಗ: ನಿರ್ದೇಶಕರು, ಸಮಯ ನೋಡಿಕೊಳ್ಳುವ ಸಹಾಯಕ ನಿರ್ದೇಶಕರು, ಕ್ಯಾಮೆರಾ, ಫೋಕಸ್ ನೋಡುವ ಕ್ಯಾಮೆರಾ ಸಹಾಯಕರು, ಶಬ್ದಗ್ರಹಣ, ಕಲೆ ಮತ್ತು ಉಡುಪು, ಶಾಟಿನಿಂದ ಶಾಟಿಗೆ ಎಲ್ಲ ಹೊಂದುತ್ತಿದೆಯೇ ಎಂದು ನೋಡುವ ಕಂಟಿನ್ಯುಟಿ, ನಿರ್ಮಾಣ ವ್ಯವಸ್ಥೆ. ಜನ ಕಡಿಮೆಯಾದರೆ ಒಬ್ಬರು ಎರಡು ಕೆಲಸ ಮಾಡಬೇಕಾಗುತ್ತದೆ. ಆದರೆ ಎರಡು ಜೋಡಿಗಳನ್ನು ಒಪ್ಪಬೇಡಿ. ನಿರ್ದೇಶಕರೇ ಕ್ಯಾಮೆರಾ ಹಿಡಿದರೆ ಫ್ರೇಮಿನ ಅಂಚು ನೋಡುತ್ತ ನಟರ ಮುಖ ನೋಡುವುದನ್ನು ಬಿಡುತ್ತಾರೆ. ಶಬ್ದದವರಿಗೆ ಇನ್ನೊಂದು ಕೆಲಸ ವಹಿಸಿದರೆ ಹೆಡ್‌ಫೋನ್ ಕಿವಿಯಿಂದ ಕೆಳಗಿಳಿಯುತ್ತದೆ, ಆಗ ರೆಕಾರ್ಡ್ ಆದದ್ದು ಏನೆಂದು ಸಂಜೆಯವರೆಗೆ ಯಾರಿಗೂ ಗೊತ್ತಿರುವುದಿಲ್ಲ.

ಶಾಟ್ ಪಟ್ಟಿ ಮಾಡುವಾಗ ಕೋಣೆಯ ನಕ್ಷೆಯನ್ನು ಮೇಲಿನಿಂದ ನೋಡಿದಂತೆ ಬರೆದುಕೊಳ್ಳಿ. ಅಣ್ಣ ಎಲ್ಲಿ, ತಂಗಿ ಎಲ್ಲಿ ಎಂದು ಎರಡು ಚುಕ್ಕಿ ಇಟ್ಟು ನಡುವೆ ಒಂದು ಗೆರೆ ಎಳೆಯಿರಿ. ಕ್ಯಾಮೆರಾ ಆ ಗೆರೆಯ ಒಂದೇ ಬದಿಯಲ್ಲಿ ಇರಬೇಕು. ಆಗ ಅಣ್ಣ ಯಾವಾಗಲೂ ಎಡದಿಂದ ಬಲಕ್ಕೆ ನೋಡುತ್ತಾನೆ, ತಂಗಿ ಬಲದಿಂದ ಎಡಕ್ಕೆ. ಇಬ್ಬರ ಕ್ಲೋಸಪ್‌ಗಳನ್ನು ಪಕ್ಕಪಕ್ಕ ಇಟ್ಟರೆ ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ ಎಂದು ಪ್ರೇಕ್ಷಕರು ತಾವಾಗಿ ತಿಳಿಯುತ್ತಾರೆ. ಒಂದು ಶಾಟ್ ಗೆರೆಯ ಆಚೆಯಿಂದ ತೆಗೆದಿರೋ, ಇಬ್ಬರೂ ಒಂದೇ ದಿಕ್ಕಿಗೆ ನೋಡಿದಂತಾಗಿ, ಎದುರಿಗಿಲ್ಲದ ಮೂರನೆಯವರ ಜೊತೆ ಮಾತಾಡಿದ ಹಾಗೆ ಕಾಣುತ್ತದೆ. ಗೆರೆ ದಾಟಲೇಬೇಕು ಎಂದಿದ್ದರೆ ಪಾತ್ರ ನಡೆದುಹೋಗುವಾಗ ಕ್ಯಾಮೆರಾವೂ ಜೊತೆಗೆ ಚಲಿಸಿ, ದಾಟುವುದನ್ನು ಪ್ರೇಕ್ಷಕರಿಗೆ ತೋರಿಸಬೇಕು. ಒಬ್ಬರನ್ನೇ ಎರಡು ಶಾಟ್‌ಗಳಲ್ಲಿ ತೋರಿಸುವಾಗ ಕ್ಯಾಮೆರಾ ಕನಿಷ್ಠ 30 ಡಿಗ್ರಿ ಸರಿಯಲಿ, ಅಥವಾ ಶಾಟಿನ ಗಾತ್ರ ಚೆನ್ನಾಗಿ ಬದಲಾಗಲಿ. ಸ್ವಲ್ಪ ಮಾತ್ರ ಸರಿಸಿದರೆ ಮುಖ ಜಿಗಿದಂತೆ ಕಂಡು ಕಟ್ ಎದ್ದು ಹೊಡೆಯುತ್ತದೆ.

ಕತೆಯ ಕ್ರಮದಲ್ಲಿ ಚಿತ್ರೀಕರಿಸುವ ಹಟ ಬೇಡ. ಮೊದಲು ಇಬ್ಬರೂ ಕಾಣುವ ಮಾಸ್ಟರ್ ಶಾಟ್, ಆಮೇಲೆ ಅಣ್ಣನ ಕಡೆಯ ಎಲ್ಲ ಶಾಟ್‌ಗಳು, ನಂತರ ಬೆಳಕನ್ನೆಲ್ಲ ತಿರುಗಿಸಿ ತಂಗಿಯ ಕಡೆಯವು. ಪ್ರತಿ ಸಲ ದಿಕ್ಕು ಬದಲಿಸಿದಾಗ ಸ್ಟ್ಯಾಂಡ್, ವೈರ್, ಮೇಜು, ಕುರ್ಚಿ ಎಲ್ಲ ಜಾಗ ಬದಲಿಸಬೇಕು, ಹೊಸ ತಂಡಕ್ಕೆ ಅದರಲ್ಲೇ ಅರ್ಧ ಗಂಟೆ ಹೋಗುತ್ತದೆ. ದಿನಕ್ಕೆ ಹನ್ನೆರಡರಿಂದ ಹದಿನೈದು ಸೆಟಪ್‌ಗಿಂತ, ಅಂದರೆ ಕ್ಯಾಮೆರಾ, ಬೆಳಕಿನ ಹೊಸ ಜೋಡಣೆಗಿಂತ, ಹೆಚ್ಚು ಬರೆದುಕೊಂಡರೆ ಕೊನೆಯ ಶಾಟ್‌ಗಳು ಅವಸರಕ್ಕೆ ಬಲಿಯಾಗುತ್ತವೆ. ಮುಖ್ಯವಾದ ಕ್ಲೋಸಪ್ ಸಾಮಾನ್ಯವಾಗಿ ಆ ಕೊನೆಯಲ್ಲೇ ಇರುವುದರಿಂದ ಪಟ್ಟಿಯಲ್ಲಿ ಬಿಡಲಾಗದ ಶಾಟ್‌ಗಳಿಗೆ ಮೊದಲೇ ಗುರುತು ಹಾಕಿ.

ಕ್ಯಾಮೆರಾದ ಸೆಟ್ಟಿಂಗ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ವಿದ್ಯುತ್ 50 ಹರ್ಟ್ಸ್ ಇರುವಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್. 60 ಹರ್ಟ್ಸ್ ಇರುವಲ್ಲಿ 24 ಅಥವಾ 30 ಫ್ರೇಮ್, ಶಟರ್ 1/60. ಇದು ತಪ್ಪಿದರೆ ಕೆಲವು ಟ್ಯೂಬ್‌ಲೈಟ್, ಎಲ್‌ಇಡಿಗಳ ಕೆಳಗೆ ಚಿತ್ರ ಮಿನುಗುತ್ತದೆ. ವೈಟ್ ಬ್ಯಾಲೆನ್ಸ್ ಹಗಲಿಗೆ 5600 ಕೆಲ್ವಿನ್, ಹಳದಿ ಟಂಗ್‌ಸ್ಟನ್ ಬಲ್ಬಿಗೆ 3200. ಎರಡೂ ಒಂದೇ ಫ್ರೇಮಿನಲ್ಲಿ ಬೆರೆತರೆ ಅರ್ಧ ಮುಖ ನೀಲಿ, ಅರ್ಧ ಹಳದಿ. ಕೋಣೆಯ ದೀಪ ಆರಿಸಿ ಕಿಟಕಿಯ ಬೆಳಕನ್ನೇ ಮುಖ್ಯವಾಗಿ ಬಳಸಿಕೊಂಡು, ಎದುರು ಬದಿಯಲ್ಲಿ ಬಿಳಿ ಥರ್ಮಾಕೋಲ್ ಹಾಳೆ ಹಿಡಿದರೆ ನೆರಳು ಹದಕ್ಕೆ ಬರುತ್ತದೆ. ಸೂರ್ಯ ಮಾತ್ರ ನಿಲ್ಲುವವನಲ್ಲ. ಬೆಳಿಗ್ಗೆ ತೆಗೆದ ಅಣ್ಣನಿಗೂ ಮಧ್ಯಾಹ್ನ ತೆಗೆದ ತಂಗಿಗೂ ಬೆಳಕು ಹೊಂದುವುದಿಲ್ಲ. ಲೊಕೇಶನ್ ನೋಡಲು ಹೋಗುವಾಗ ಚಿತ್ರೀಕರಣ ಮಾಡುವ ಹೊತ್ತಿನಲ್ಲೇ ಹೋಗಿ. ಲೈಟ್ ಸ್ಟ್ಯಾಂಡಿನ ಕಾಲಿನ ಮೇಲೆ ಮರಳು ಚೀಲ ಇಡುವುದನ್ನೂ ನೆಲದ ವೈರಿಗೆ ಟೇಪ್ ಹಚ್ಚುವುದನ್ನೂ ಮರೆಯಬೇಡಿ, ಕತ್ತಲಲ್ಲಿ ಎಡವುವುದು ಯಾವಾಗಲೂ ನಟರೇ.

ಇನ್ನು ಶಬ್ದ. ಇಲ್ಲಿ ನಿಧಾನಿಸಬೇಕು. ಚಿತ್ರ ಸ್ವಲ್ಪ ಮಂಕಾಗಿದ್ದರೆ ಪ್ರೇಕ್ಷಕರು ಸಹಿಸುತ್ತಾರೆ. ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಕ್ಯಾಮೆರಾದೊಳಗಿನ ಮೈಕನ್ನು ನಂಬಬೇಡಿ, ಅದು ಕ್ಯಾಮೆರಾ ಇರುವಷ್ಟು ದೂರದಲ್ಲೇ ಇರುತ್ತದೆ. ಮೈಕಿನ ದೂರ ಎರಡರಷ್ಟಾದರೆ ಬಾಯಿಂದ ನೇರ ಬರುವ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ, ಗೋಡೆಗೆ ಬಡಿದು ಬರುವ ಅನುರಣನ ಮಾತ್ರ ಹಾಗೇ ಉಳಿಯುತ್ತದೆ. ಮಾತು ಬಾವಿಯೊಳಗಿಂದ ಬಂದಂತೆ ಕೇಳುವುದು ಇದೇ ಕಾರಣಕ್ಕೆ. ಬೂಮ್ ಕೋಲಿಗೆ ಮೈಕ್ ಕಟ್ಟಿ, ತಲೆಯ ಮೇಲಿನಿಂದ, ಫ್ರೇಮಿನ ಅಂಚಿಗೆ ತಾಗುವಷ್ಟು ಹತ್ತಿರ, ಬಾಯಿಂದ ಅರ್ಧ ಮೀಟರಿನ ಆಸುಪಾಸಿನಲ್ಲಿ ಹಿಡಿಯಿರಿ. ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್. ಜೋರಾದ ಮಾತಿಗೆ ರೆಕಾರ್ಡರಿನ ಮೀಟರಿನಲ್ಲಿ ಮಟ್ಟ ಮೈನಸ್ 12 ಡೆಸಿಬೆಲ್ ಹತ್ತಿರ ಇರಲಿ. ಆ ಮೀಟರಿನ ಮೇಲಿನ ಮಿತಿಯಾದ ಸೊನ್ನೆ ಮುಟ್ಟಿ ಒಡೆದ ಧ್ವನಿಯನ್ನು ಯಾವ ತಂತ್ರಾಂಶವೂ ಪೂರ್ತಿ ಸರಿಮಾಡಲಾರದು.

ಮಾಸ್ಟರ್ ಶಾಟಿನಲ್ಲಿ ಮೈಕ್ ಹತ್ತಿರ ಬರಲು ಆಗುವುದಿಲ್ಲ. ಆ ಶಾಟ್ ಮುಗಿದ ತಕ್ಷಣ, ನಟರು ಅದೇ ಜಾಗದಲ್ಲಿ, ಅದೇ ವೇಗದಲ್ಲಿ ಇರುವಾಗಲೇ, ಕ್ಯಾಮೆರಾ ಇಲ್ಲದೆ ಮಾತುಗಳನ್ನು ಮಾತ್ರ ಹತ್ತಿರದ ಮೈಕಿನಲ್ಲಿ ಇನ್ನೊಮ್ಮೆ ತೆಗೆದುಕೊಳ್ಳಿ. ಐದು ನಿಮಿಷದ ಈ ಕೆಲಸ ಮುಂದೆ ಡಬ್ಬಿಂಗ್ ತಪ್ಪಿಸುತ್ತದೆ. ಕ್ಲೋಸಪ್ ತೆಗೆಯುವಾಗ ಕ್ಯಾಮೆರಾದ ಹಿಂದೆ ನಿಂತ ನಟರು ಎದುರಿನವರ ಮಾತಿನ ಮೇಲೆ ತಮ್ಮ ಮಾತು ಹೇರದಂತೆ ಹೇಳಿ. ಅಣ್ಣನ ಕೊನೆಯ ಅಕ್ಷರದ ಮೇಲೆ ತಂಗಿಯ ದನಿ ಬಿದ್ದರೆ ಅಲ್ಲಿ ಕತ್ತರಿಸಲು ಆಗುವುದೇ ಇಲ್ಲ. ಮಾತು ಮಾತಿಗೆ ತಾಗಬೇಕು ಎಂದಿದ್ದರೆ ಅದನ್ನು ಸಂಕಲನದಲ್ಲಿ ಮಾಡಬಹುದು. ಬೀಗದ ಕೈ ಮೇಜಿನ ಮೇಲೆ ಇಡುವ ಸದ್ದು, ಬಾಗಿಲ ಸದ್ದು ಸಂಭಾಷಣೆಯ ಮೇಲೆ ಬೀಳದಂತೆ ಮೇಜಿಗೆ ಬಟ್ಟೆ ಹಾಸಿ, ಆ ಸದ್ದುಗಳನ್ನು ಬೇರೆಯಾಗಿ ರೆಕಾರ್ಡ್ ಮಾಡಿ.

ಫ್ಯಾನ್, ಫ್ರಿಜ್ ಆರಿಸಿ. ಫ್ರಿಜ್ ಮತ್ತೆ ಹಾಕಲು ಮರೆತು ಹೊರಟುಬಿಡುವುದು ತುಂಬಾ ಸಾಮಾನ್ಯ, ಅದಕ್ಕೇ ಅನುಭವಿ ಶಬ್ದಗ್ರಾಹಕರು ತಮ್ಮ ಗಾಡಿಯ ಕೀಲಿಯನ್ನು ಅದರೊಳಗೇ ಇಡುತ್ತಾರೆ. ಪ್ರತಿ ಲೊಕೇಶನ್ ಬಿಡುವ ಮುನ್ನ ಎಲ್ಲರೂ ಅಲುಗಾಡದೆ ನಿಂತು, ಆ ಕೋಣೆಯ ಮೌನವನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಬೇಕು. ಎರಡು ಮಾತುಗಳ ನಡುವಿನ ಕೆಮ್ಮನ್ನೋ ಕುರ್ಚಿ ಕಿರುಗುಟ್ಟಿದ್ದನ್ನೋ ತೆಗೆದಾಗ ಉಳಿಯುವ ಜಾಗಕ್ಕೆ ತುಂಬುವುದು ಇದನ್ನೇ. ಪೂರ್ತಿ ಶೂನ್ಯ ಬಿಟ್ಟರೆ ಸ್ಪೀಕರ್ ಕೆಟ್ಟಿತೇನೋ ಅನ್ನಿಸುತ್ತದೆ.

ಫೋನಿನಲ್ಲಿ ಚಿತ್ರೀಕರಿಸುವವರಿಗೆ ಒಂದು ಎಚ್ಚರಿಕೆ. ಫೋನಿನ ಸ್ವಂತ ಕ್ಯಾಮೆರಾ ಆ್ಯಪ್ ಅನೇಕ ಸಲ ಫ್ರೇಮ್ ವೇಗವನ್ನು ಸ್ಥಿರವಾಗಿ ಇಡುವುದಿಲ್ಲ. ಬೇರೆ ರೆಕಾರ್ಡರಿನಲ್ಲಿ ತೆಗೆದ ಧ್ವನಿ ಶುರುವಿನಲ್ಲಿ ತುಟಿಗೆ ಸರಿಯಾಗಿ ಕೂತು, ಹೋಗುತ್ತ ಹೋಗುತ್ತ ಜಾರುತ್ತದೆ. ಫ್ರೇಮ್ ವೇಗ ಲಾಕ್ ಮಾಡುವ ಆ್ಯಪ್ ಬಳಸಿ, ಇಲ್ಲವೇ ಸಂಕಲನಕ್ಕೆ ಮುಂಚೆ ಫೈಲುಗಳನ್ನು ಸ್ಥಿರ ವೇಗಕ್ಕೆ ಪರಿವರ್ತಿಸಿಕೊಳ್ಳಿ.

ಸೆಟ್ಟಿನಲ್ಲಿ ಕರೆಗಳಿಗೆ ಒಂದು ಕ್ರಮ ಇದೆ. ಸಹಾಯಕ ನಿರ್ದೇಶಕರು "ಸೈಲೆನ್ಸ್" ಅನ್ನುತ್ತಾರೆ. "ಸೌಂಡ್" ಅಂದಾಗ ಶಬ್ದದವರು ರೆಕಾರ್ಡ್ ಒತ್ತಿ "ರೋಲಿಂಗ್" ಅನ್ನುತ್ತಾರೆ. ಆಮೇಲೆ ಕ್ಯಾಮೆರಾ. ನಂತರ ದೃಶ್ಯ, ಶಾಟ್, ಟೇಕ್ ಸಂಖ್ಯೆ ಓದಿ ಕ್ಲ್ಯಾಪ್. ಕೊನೆಗೆ ನಿರ್ದೇಶಕರ "ಆಕ್ಷನ್". ಬೋರ್ಡಿನ ಎರಡು ಹಲಗೆ ಕೂಡುವ ಫ್ರೇಮಿಗೆ ಆ ಟಪ್ ಸದ್ದನ್ನು ಹೊಂದಿಸಿದರೆ ಚಿತ್ರಕ್ಕೂ ಶಬ್ದಕ್ಕೂ ಜೋಡಿ ಬಿದ್ದಿತು. ಬೋರ್ಡ್ ಇಲ್ಲದಿದ್ದರೆ ಫ್ರೇಮಿನೊಳಗೆ ಕೈ ಚಪ್ಪಾಳೆಯೂ ನಡೆಯುತ್ತದೆ. ಅಭಿನಯ ಮುಗಿದ ಕೂಡಲೇ "ಕಟ್" ಅನ್ನಬೇಡಿ, ಮನಸ್ಸಿನಲ್ಲಿ ಮೂರು ಎಣಿಸಿ. ಕಟ್ ಅನ್ನುವುದು "ಆಕ್ಷನ್" ಕೂಗಿದವರಿಗೇ ಬಿಟ್ಟದ್ದು, ನಟರು ತಾವೇ ನಿಲ್ಲಿಸಬಾರದು. ಆ ಮೂರು ಸೆಕೆಂಡಿನಲ್ಲಿ ಮುಖದ ಮೇಲೆ ಉಳಿಯುವ ಭಾವವೇ ಎಷ್ಟೋ ಸಲ ದೃಶ್ಯದ ಕೊನೆಯ ಶಾಟ್ ಆಗುತ್ತದೆ.

ಕಂಟಿನ್ಯುಟಿಯವರು ಪ್ರತಿ ಟೇಕಿನ ಕೊನೆಯಲ್ಲಿ ಫೋಟೋ ತೆಗೆದಿಟ್ಟುಕೊಳ್ಳಬೇಕು. ಅದಕ್ಕಿಂತ ಮುಖ್ಯ, ಯಾವ ಪದ ಆಡುವಾಗ ಯಾವ ಕೈಯಿಂದ ಏನು ಮಾಡಿದರು ಎಂದು ಚಿತ್ರಕಥೆಯ ಅಂಚಿನಲ್ಲಿ ಬರೆಯಬೇಕು. "ಇನ್ನು ನೀನೇ ನೋಡ್ಕೋ" ಅನ್ನುವಾಗ ಅಣ್ಣ ಬಲಗೈಯಿಂದ ಬೀಗದ ಕೈ ಚಾಚಿದರೆ, ಕ್ಲೋಸಪ್‌ನಲ್ಲೂ ಅದೇ ಪದಕ್ಕೆ ಅದೇ ಕೈ. ಒಂದು ಚಲನೆಯ ನಡುವೆ ಕತ್ತರಿಸಿದ ಕಟ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಆ ಚಲನೆ ಎರಡೂ ಶಾಟ್‌ಗಳಲ್ಲಿ ಪೂರ್ತಿ ಇರಬೇಕು. ಕೈ ಚಾಚಿದ ಮೇಲಿಂದ ಕ್ಲೋಸಪ್ ಶುರುಮಾಡಿದರೆ ಕತ್ತರಿಸಲು ಜಾಗವೇ ಇಲ್ಲ. ಹಿಂದಿನ ಒಂದು ಸಾಲಿನಿಂದಲೇ ನಟರನ್ನು ಆರಂಭಿಸಿ.

ಸಂಜೆ ಮೆಮೊರಿ ಕಾರ್ಡಿನಿಂದ ಎರಡು ಬೇರೆ ಬೇರೆ ಡ್ರೈವ್‌ಗಳಿಗೆ ನಕಲು ಮಾಡಿ, ಫೈಲುಗಳನ್ನು ತೆರೆದು ಓಡಿಸಿ ನೋಡಿ, ಎರಡು ಡ್ರೈವ್‌ಗಳನ್ನು ಇಬ್ಬರು ತಮ್ಮ ತಮ್ಮ ಮನೆಗೆ ಒಯ್ಯಬೇಕು. ಅಲ್ಲಿಯವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡುವ ಮಾತೇ ಇಲ್ಲ.

ಸಂಕಲನದಲ್ಲಿ ಮೊದಲು ಎಲ್ಲವನ್ನೂ ಉದ್ದುದ್ದಕ್ಕೆ ಜೋಡಿಸಿ, ಆಮೇಲೆ ಇಳಿಸುತ್ತ ಬನ್ನಿ. ಮಾತಾಡುವವರ ಮುಖಕ್ಕೇ ಪ್ರತಿ ಸಲ ಕತ್ತರಿಸುವುದು ಹೊಸಬರ ರೂಢಿ. ಅಣ್ಣನ ದನಿ ಓಡುತ್ತಿರುವಾಗಲೇ ಕೇಳುತ್ತಿರುವ ತಂಗಿಯನ್ನು ತೋರಿಸಿ ನೋಡಿ, ದೃಶ್ಯ ಯಾರದು ಎಂಬುದೇ ಬದಲಾಗುತ್ತದೆ. ಚಿತ್ರದ ಉದ್ದ ಪೂರ್ತಿ ಖಚಿತವಾಗುವವರೆಗೆ, ಅಂದರೆ ಪಿಕ್ಚರ್ ಲಾಕ್ ಆಗುವವರೆಗೆ, ಸಂಗೀತ, ಬಣ್ಣದ ಹೊಂದಾಣಿಕೆ ಮುಟ್ಟಬೇಡಿ. ಆಮೇಲೆ ನಡುವೆ ಹತ್ತು ಫ್ರೇಮ್ ತೆಗೆದರೆ ಮುಂದಿನ ಶಬ್ದವನ್ನೆಲ್ಲ ಮತ್ತೆ ಹೊಂದಿಸಬೇಕಾಗುತ್ತದೆ.

ಲಾಕ್ ಮಾಡುವ ಮುನ್ನ, ಚಿತ್ರಕಥೆ ಓದದ ಮೂವರಿಗೆ ತೋರಿಸಿ. ಹೇಗಿದೆ ಎಂದು ಕೇಳಬೇಡಿ, ಸ್ನೇಹಿತರು ಚೆನ್ನಾಗಿದೆ ಅಂದುಬಿಡುತ್ತಾರೆ. ಕತೆ ಏನಾಯಿತು ಹೇಳಿ ಅನ್ನಿ. ಅವರಿಬ್ಬರು ಒಬ್ಬರಿಗೊಬ್ಬರು ಏನಾಗಬೇಕು, ಅವನು ಕೊಟ್ಟದ್ದೇನು, ಯಾಕೆ ಕೊಟ್ಟ ಎಂದು ಕೇಳಿ. ಮೂವರಲ್ಲಿ ಇಬ್ಬರು ಒಂದೇ ಜಾಗದಲ್ಲಿ ತಡವರಿಸಿದರೆ ಅಲ್ಲಿ ಒಂದು ಶಾಟ್ ಕಡಿಮೆ ಇದೆ ಎಂದರ್ಥ. ಬಹುಪಾಲು ಅದು ಕೈಯಲ್ಲಿರುವ ವಸ್ತುವಿನ ಕ್ಲೋಸಪ್ ಆಗಿರುತ್ತದೆ, ಅರ್ಧ ಗಂಟೆಯಲ್ಲಿ ತೆಗೆಯಬಹುದಾದದ್ದು. ಅದಕ್ಕಾಗಿ ಆ ಬೀಗದ ಕೈ, ಅಣ್ಣ ತೊಟ್ಟ ಅಂಗಿ, ತಂಗಿಯ ಬಳೆ ಎಲ್ಲವೂ ಲಾಕ್ ಆಗುವವರೆಗೆ ಹೆಸರು ಬರೆದ ಒಂದು ಪೆಟ್ಟಿಗೆಯಲ್ಲಿರಲಿ. ಅಲ್ಲಿಯವರೆಗೆ ಕೂದಲು ಕತ್ತರಿಸಬೇಡಿ, ಗಡ್ಡ ತೆಗೆಯಬೇಡಿ ಎಂದು ನಟರಿಗೂ ಮೊದಲೇ ಹೇಳಿಡಿ.

ನಮಸ್ಕಾರ.