ಸೊಂಟದಾಳದ ಮಣ್ಣಿನಡಿ ಹರಿಯುವ ಎಣ್ಣೆ

ಕೇಳುಗರಿಗೆ ನಮಸ್ಕಾರ.

ಮಂಗಳೂರಿನ ಸಂಸ್ಕರಣಾಗಾರದಿಂದ ಹೊರಟ ಪೆಟ್ರೋಲು, ಡೀಸೆಲ್ಲು ನೇರಿಯದ ಪಂಪಿಂಗ್ ಕೇಂದ್ರದಲ್ಲಿ ಒತ್ತಡ ತುಂಬಿಸಿಕೊಂಡು ಘಟ್ಟ ಹತ್ತುತ್ತದೆ, ಹಾಸನಕ್ಕೆ ಬರುತ್ತದೆ, ಇಲ್ಲಿಂದ ಮುಂದೆ ಬೆಂಗಳೂರಿನ ಹತ್ತಿರದ ದೇವನಗೊಂದಿಗೆ ಹೋಗುತ್ತದೆ. 2003ರಿಂದ ನಡೆಯುತ್ತಿರುವ ಈ ಮಾರ್ಗದ ಉದ್ದ ಸುಮಾರು 360 ಕಿಲೋಮೀಟರ್. ಆಮೇಲೆ ಅಡುಗೆ ಅನಿಲದ ಇನ್ನೊಂದು ಕೊಳವೆಯೂ ಬಂತು. ಅದು ಮಂಗಳೂರಿನಿಂದ ಹಾಸನ, ಮೈಸೂರು ಹಾದು ಸೋಲೂರು ಮುಟ್ಟುತ್ತದೆ. ತೋಟದ ನಡುವೆ, ಶುಂಠಿ ಹೊಲದ ಬದುವಿನಲ್ಲಿ, ಕಿಲೋಮೀಟರ್ ಸಂಖ್ಯೆ ಮತ್ತು ಫೋನ್ ನಂಬರ್ ಬರೆದು ನಿಲ್ಲಿಸಿದ ಕಂಬಗಳನ್ನು ನೀವು ನೋಡಿರುತ್ತೀರಿ. ಅವು ಈ ಕೊಳವೆಗಳ ಗುರುತು.

ಕೊಳವೆ ಬಂದದ್ದರಿಂದ ಶಿರಾಡಿ ಘಾಟಿಯ ತಿರುವುಗಳಲ್ಲಿ ಓಡಬೇಕಾಗಿದ್ದ ಎಷ್ಟೋ ಟ್ಯಾಂಕರುಗಳು ತಪ್ಪಿದವು. ಅದು ನಿಜವಾದ ಲಾಭ, ಅಲ್ಲಗಳೆಯಬಾರದು. ಆದರೆ ರಸ್ತೆಯ ಮೇಲೆ ಎಲ್ಲರೂ ಹಂಚಿಕೊಳ್ಳುತ್ತಿದ್ದ ಅಪಾಯವನ್ನು ಈಗ ಕೆಲವೇ ಸರ್ವೆ ನಂಬರುಗಳು ಹೊರುತ್ತಿವೆ. ಆ ನೆಲದವರಿಗೆ ಏನು ಸಿಗುತ್ತದೆ, ಏನು ಹೋಗುತ್ತದೆ ಎಂಬುದನ್ನು ಇವತ್ತು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಕಾನೂನು. 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗಗಳ ಕಾಯ್ದೆಯ ಪ್ರಕಾರ ಸರ್ಕಾರ ನಿಮ್ಮ ಜಮೀನನ್ನು ಕೊಳ್ಳುವುದಿಲ್ಲ. ಅದರಡಿಯಲ್ಲಿ ಕೊಳವೆ ಹಾಕುವ ಬಳಕೆಯ ಹಕ್ಕನ್ನು ಮಾತ್ರ ಪಡೆಯುತ್ತದೆ. ಪಹಣಿ ನಿಮ್ಮ ಹೆಸರಿನಲ್ಲೇ ಇರುತ್ತದೆ. ಬೆಳೆ ತೆಗೆಯಬಹುದು. ಆದರೆ 9ನೇ ಕಲಮಿನಂತೆ ಕೊಳವೆ ಹಾಯುವ ನೆಲದ ಪಟ್ಟಿಯಲ್ಲಿ ಮನೆ, ಕೊಟ್ಟಿಗೆ, ಕಣದ ಶೆಡ್ಡು ಯಾವುದನ್ನೂ ಕಟ್ಟುವಂತಿಲ್ಲ, ಬಾವಿ, ಹೊಂಡ ತೆಗೆಯುವಂತಿಲ್ಲ, ಮರ ನೆಡುವಂತಿಲ್ಲ. ಇದಕ್ಕೆ ಪ್ರತಿಯಾಗಿ ಸಿಗುವುದು ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಯ ಶೇಕಡಾ 10. ಬೆಳೆ, ಮರಗಳ ನಷ್ಟದ ಹಣ ಬೇರೆ.

ಲೆಕ್ಕ ಹಾಕಿ ನೋಡಿ. ಪಟ್ಟಿಯ ಅಗಲ ಸಾಮಾನ್ಯವಾಗಿ 18 ಮೀಟರ್, ಅಂದರೆ 60 ಅಡಿ. ನಿಮ್ಮ ತೋಟದಲ್ಲಿ ಅದು 100 ಮೀಟರ್ ಉದ್ದ ಹಾದರೆ ಸುಮಾರು 18 ಗುಂಟೆ ಆಯಿತು. ಆರಡಿಗೊಂದರಂತೆ ಅರೇಬಿಕಾ ಕಾಫಿ ಇದ್ದರೆ 530ರಷ್ಟು ಗಿಡ. ಎಕರೆಗೆ 20 ಲಕ್ಷ ಎಂದು ಹಿಡಿದರೆ ಆ ಪಟ್ಟಿಯ ಬೆಲೆ 9 ಲಕ್ಷದ ಹತ್ತಿರ, ಬಳಕೆಯ ಹಕ್ಕಿಗೆ ಬರುವುದು 90 ಸಾವಿರ. ಅದೂ ಒಂದೇ ಸಲ.

ರಾಗಿ, ಮೆಕ್ಕೆಜೋಳ, ಆಲೂಗಡ್ಡೆ ಬೆಳೆಯುವವರು ಒಂದೆರಡು ವರ್ಷದಲ್ಲಿ ಸುಧಾರಿಸಿಕೊಂಡಾರು. ಕಾಫಿಯ ಮಾತು ಬೇರೆ. ಕೊಳವೆಯ ಮೇಲೆ ನೆರಳಿನ ಮರ ಇರಬಾರದು, ಏಕೆಂದರೆ ಬೇರು ಕೊಳವೆಯ ಹೊದಿಕೆಯನ್ನು ಸೀಳುತ್ತದೆ. ಹಾಳುವಾಣ, ಸಿಲ್ವರ್, ಹಲಸು ಹೋದವು ಎಂದರೆ ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ ಹೋಯಿತು. ತೆರವಾದ ಪಟ್ಟಿಯ ಎರಡೂ ಅಂಚಿನ ಗಿಡಗಳಿಗೆ ನೇರ ಬಿಸಿಲು ಬೀಳುತ್ತದೆ. ಬಿಸಿಲಿಗೆ ಬಿದ್ದ ಅರೇಬಿಕಾ ಕಾಂಡವೆಂದರೆ ಬಿಳಿ ಕಾಂಡಕೊರಕ ಹುಳುವಿಗೆ ಬಲು ಇಷ್ಟ. ಹೀಗೆ ನಷ್ಟ 60 ಅಡಿಯೊಳಗೆ ನಿಲ್ಲುವುದಿಲ್ಲ. ಕಾಯ್ದೆಯ 10ನೇ ಕಲಮಿನಲ್ಲಿ ಬೇರೆ ಆಸ್ತಿಗೆ ಮತ್ತು ಗಳಿಕೆಗೆ ಆದ ಹಾನಿಗೂ ಪರಿಹಾರ ಕೇಳಲು ಅವಕಾಶವಿದೆ. ಅಂಚಿನ ಸಾಲುಗಳನ್ನು ಅದರಡಿ ಸೇರಿಸಿ ಕೇಳಬೇಕು. ಕೇಳದಿದ್ದರೆ ಯಾರೂ ತಾವಾಗಿ ಬರೆದುಕೊಳ್ಳುವುದಿಲ್ಲ.

ಅಧಿಸೂಚನೆ ಬಂದ ಮೇಲೆ ಆಕ್ಷೇಪಣೆಗೆ ಇರುವುದು 21 ದಿನ. ಸಕ್ಷಮ ಪ್ರಾಧಿಕಾರಿಗೆ, ಅಂದರೆ ಇದಕ್ಕೆಂದೇ ಸರ್ಕಾರ ಗೊತ್ತುಮಾಡಿದ ಅಧಿಕಾರಿಗೆ, ಬರಹದಲ್ಲೇ ಕೊಡಿ, ಸ್ವೀಕೃತಿ ಪಡೆಯಿರಿ. "ಕೊಳವೆ ಬೇಡ" ಎಂಬ ಒಂದೇ ಸಾಲು ಬರೆದರೆ ಸಾಲದು. ಒರತೆ ಎಲ್ಲಿದೆ, ಕುಡಿಯುವ ಬಾವಿ ಎಷ್ಟು ದೂರ, ಗುಡ್ಡ ಯಾವ ಕಡೆ ಜರುಗಿದ ಗುರುತಿದೆ, ಮಾರ್ಗವನ್ನು ಎಷ್ಟು ಮೀಟರ್ ಸರಿಸಿದರೆ ಅವೆಲ್ಲ ಉಳಿಯುತ್ತವೆ ಎಂದು ನಕ್ಷೆ ಸಮೇತ ಬರೆದರೆ ಅದಕ್ಕೆ ತೂಕ ಬರುತ್ತದೆ. ವಾಸದ ಜಾಗದಡಿ, ಕಾಯಂ ಕಟ್ಟಡದಡಿ, ಮನೆಗೆ ಹೊಂದಿದ ಹಿತ್ತಲಿನಡಿ ಕೊಳವೆ ಹಾಕುವಂತಿಲ್ಲ. ನೆಲಮಟ್ಟದಿಂದ ಒಂದು ಮೀಟರಿಗಿಂತ ಕಡಿಮೆ ಆಳದಲ್ಲೂ ಹಾಕುವಂತಿಲ್ಲ. ಇವು 7ನೇ ಕಲಮಿನಲ್ಲಿವೆ. ಅಧಿಸೂಚನೆಯ ನಂತರ ಮಾಡಿದ ಅಭಿವೃದ್ಧಿ ಪರಿಹಾರದ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಗಿಡಮರಗಳ ಮಹಜರು, ಫೋಟೊ ಮೊದಲೇ ಆಗಿರಬೇಕು. ಮೊತ್ತ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು.

ಇನ್ನು ಅಗಳು, ಅಂದರೆ ಕೊಳವೆ ಹೂಳುವ ಕಾಲುವೆ, ತೋಡುವ ಕೆಲಸ. ಬಹುತೇಕ ಹಾನಿ ಆಗುವುದು ಇಲ್ಲೇ, ತಪ್ಪಿಸಬಹುದಾದ್ದೂ ಇಲ್ಲೇ. ಮೇಲಿನ ಒಂದಡಿ ಮಣ್ಣನ್ನು ಬೇರೆಯಾಗಿ ಕೆರೆದು ಒಂದು ಪಕ್ಕ ಹಾಕಬೇಕು, ಅಡಿಮಣ್ಣನ್ನು ಇನ್ನೊಂದು ಪಕ್ಕ. ಮುಚ್ಚುವಾಗ ಅಡಿಮಣ್ಣು ಮೊದಲು, ಮೇಲ್ಮಣ್ಣು ಕೊನೆಗೆ. ಅವಸರದಲ್ಲಿ ಎರಡನ್ನೂ ಕಲಸಿಬಿಟ್ಟರೆ ಕೆಂಪು ಅಡಿಮಣ್ಣು ಮೇಲೆ ಬಂದು, ಎಷ್ಟು ಗೊಬ್ಬರ ಹಾಕಿದರೂ ಪಟ್ಟಿಯಲ್ಲಿ ಪೈರು ಕುಳ್ಳಾಗಿಯೇ ಉಳಿಯುತ್ತದೆ. ಗದ್ದೆಯಲ್ಲಿ ತಲೆಮಾರುಗಳಿಂದ ಕೆಸರು ಕಲಸಿ ಗಟ್ಟಿಯಾದ ಅಡಿಪದರವನ್ನು ಅಗಳು ಸೀಳುತ್ತದೆ. ಅದನ್ನು ಜೇಡಿಯಿಂದ ಮತ್ತೆ ಬಿಗಿಯಾಗಿ ಕಟ್ಟದಿದ್ದರೆ ಆ ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲ.

ಮಲೆನಾಡಿನ ಇಳಿಜಾರಿನಲ್ಲಿ ಇನ್ನೊಂದು ಕೇಡಿದೆ, ಅದು ಕಣ್ಣಿಗೆ ಕಾಣುವುದಿಲ್ಲ. ಮುಚ್ಚಿದ ಅಗಳಿನ ಸಡಿಲ ಮಣ್ಣು ಬಸಿಗಾಲುವೆಯಂತೆ ಕೆಲಸ ಮಾಡುತ್ತದೆ. ಗುಡ್ಡದಲ್ಲಿ ಅಡ್ಡಲಾಗಿ ಇಳಿದು ಬಂದು ಒರತೆಯಾಗಿ ಚಿಮ್ಮಬೇಕಾದ ನೀರು ಕೊಳವೆಯ ಗುಂಟ ಇಳಿದು ಬೇರೆಲ್ಲೋ ಹೊರಡುತ್ತದೆ. ಕೆಳಗಿನ ಬಾವಿ ಬೇಸಿಗೆಯಲ್ಲಿ ಬತ್ತಿದಾಗ ಯಾರೂ ಕೊಳವೆಯನ್ನು ನೆನೆಯುವುದಿಲ್ಲ. ಮಳೆಗಾಲದಲ್ಲಿ ಅದೇ ನೀರು ಅಡಿಯ ಮಣ್ಣನ್ನು ಕೊರೆದು ಕೊಳವೆಯನ್ನು ಗಾಳಿಯಲ್ಲಿ ತೂಗುಹಾಕುತ್ತದೆ, ಅಥವಾ ಇಡೀ ಇಳಿಜಾರನ್ನೇ ಜಾರಿಸುತ್ತದೆ. ಇದಕ್ಕೆ ಪರಿಹಾರ ದುಬಾರಿಯದಲ್ಲ: ಅಗಳಿನೊಳಗೆ ಅಲ್ಲಲ್ಲಿ ಮರಳು ಚೀಲಗಳ ಅಡ್ಡಗಟ್ಟೆ, ಕಡಿದಾದಷ್ಟೂ ಹತ್ತಿರ ಹತ್ತಿರ, ಮೇಲೆ ನೀರನ್ನು ಪಕ್ಕಕ್ಕೆ ತಿರುಗಿಸುವ ಓರೆ ದಿಂಡುಗಳು. ಅಗಳು ಮುಚ್ಚುವ ಮುನ್ನ ಈ ಚೀಲಗಳನ್ನು ಎಣಿಸಿ ಫೋಟೊ ತೆಗೆದಿಡಿ. ಮುಚ್ಚಿದ ಮೇಲೆ ನೋಡಲು ಸಾಧ್ಯವಿಲ್ಲ. 2018ರ ಆಗಸ್ಟಿನಲ್ಲಿ ಸಕಲೇಶಪುರದ ಘಟ್ಟದಲ್ಲಿ ರೈಲು ಹಳಿಯ ಮೇಲೇ ಗುಡ್ಡಗಳು ಕುಸಿದದ್ದನ್ನು ಕಂಡ ಮೇಲೂ ಇಲ್ಲಿನ ಮಣ್ಣನ್ನು ಹಗುರವಾಗಿ ನೋಡುವುದು ಸರಿಯಲ್ಲ.

ಕೊಳವೆ ಏಕೆ ಸೋರುತ್ತದೆ? ಉಕ್ಕಿನ ಮೇಲೆ ಪಾಲಿಥೀನ್ ಹೊದಿಕೆ ಇರುತ್ತದೆ, ಜೊತೆಗೆ ತುಕ್ಕು ತಡೆಯಲು ಸಣ್ಣ ವಿದ್ಯುತ್ ಹರಿಸುತ್ತಾರೆ. ಹೊದಿಕೆ ಎದ್ದ ಕಡೆ ನೀರು ನುಸುಳಿದರೆ ಆ ವಿದ್ಯುತ್ ಅಲ್ಲಿಗೆ ತಲುಪದೆ ತುಕ್ಕು, ಬಿರುಕು ಶುರುವಾಗುತ್ತದೆ. ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ. 2014ರ ಜೂನ್ 27ರಂದು ಆಂಧ್ರದ ನಗರಂ ಎಂಬಲ್ಲಿ ಅನಿಲ ಕೊಳವೆ ಸ್ಫೋಟಿಸಿ 20ಕ್ಕೂ ಹೆಚ್ಚು ಜನ ಸತ್ತರು. ಒಣ ಅನಿಲಕ್ಕೆಂದು ಮಾಡಿದ ಕೊಳವೆಯಲ್ಲಿ ನೀರಿನಂಶವಿದ್ದ ಅನಿಲ ಹರಿದು ಒಳಮೈ ತಿಂದುಹೋಗಿತ್ತು. ಮೂರನೆಯದು ನಮ್ಮ ಜೆಸಿಬಿ. ಶುಂಠಿಗೆ ಬಸಿಗಾಲುವೆ ತೆಗೆಯುವಾಗ, ಬದು ಸವರುವಾಗ ಬಕೆಟ್ಟಿನ ಹಲ್ಲು ತಗುಲಿದರೆ ಅಂದೇ ಸೋರಬೇಕೆಂದಿಲ್ಲ, ಗೀರು ಬಿದ್ದ ಜಾಗ ವರ್ಷಗಳ ಮೇಲೆ ಬಾಯಿಬಿಡುತ್ತದೆ. ಹಾಕುವಾಗ ಒಂದು ಮೀಟರ್ ಇದ್ದ ಮಣ್ಣು ಮಳೆಗೆ ಕೊಚ್ಚಿ ಕಡಿಮೆಯಾಗಿರಲೂಬಹುದು. ಕಂಬದ ನಂಬರಿಗೆ ಮೊದಲೇ ಫೋನ್ ಮಾಡಿ, ಅವರ ಸಿಬ್ಬಂದಿ ಎದುರಿಗಿದ್ದಾಗ ಮಾತ್ರ ಯಂತ್ರ ಇಳಿಸಿ. ಕಳ್ಳತನವೂ ಉಂಟು. ಕೊಳವೆ ಕೊರೆದು ಎಣ್ಣೆ ಕದಿಯುವುದಕ್ಕೆ ಹತ್ತು ವರ್ಷದ ತನಕ ಕಠಿಣ ಶಿಕ್ಷೆಯಿದೆ.

ಸೋರಿದರೆ ಯಂತ್ರವೇ ಹೇಳುತ್ತದೆ ಎಂಬ ನಂಬಿಕೆ ಬೇಡ. ಒತ್ತಡ, ಹರಿವು ನೋಡಿ ಸೋರಿಕೆ ಹಿಡಿಯುವ ವ್ಯವಸ್ಥೆಗೆ ಹರಿವಿನ ಶೇಕಡಾ ಒಂದಕ್ಕಿಂತ ಸಣ್ಣ ಸೋರಿಕೆ ಸಾಮಾನ್ಯವಾಗಿ ಕಾಣುವುದಿಲ್ಲ. ಗಂಟೆಗೆ 5 ಲಕ್ಷ ಲೀಟರ್ ಹರಿಯುವಲ್ಲಿ ಶೇಕಡಾ ಒಂದು ಎಂದರೆ 5,000 ಲೀಟರ್. ದೊಡ್ಡ ಸೋರಿಕೆಯನ್ನೂ ಜನ ತಪ್ಪಾಗಿ ಓದುತ್ತಾರೆ. 2010ರ ಜುಲೈಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಎನ್‌ಬ್ರಿಜ್ ಕಂಪನಿಯ ಕೊಳವೆ ಸೀಳಿದಾಗ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆಯ ಗಂಟೆ ಹೊಡೆಯುತ್ತಲೇ ಇತ್ತು. ಕೊಳವೆಯೊಳಗೆ ಖಾಲಿ ಜಾಗ ಬಿದ್ದಿದೆ ಎಂದು ತಿಳಿದು ಎರಡು ಬಾರಿ ಪಂಪು ಚಾಲೂ ಮಾಡಿದರು. 17 ಗಂಟೆಯ ಮೇಲೆ, ಹೊರಗಿನವರೊಬ್ಬರು ಫೋನ್ ಮಾಡಿದ ನಂತರವೇ ನಿಲ್ಲಿಸಿದ್ದು. ಅಷ್ಟರಲ್ಲಿ ಸುಮಾರು 32 ಲಕ್ಷ ಲೀಟರ್ ಎಣ್ಣೆ ಸೋರಿ ಕಲಮಝೂ ನದಿಗೆ ಇಳಿದಿತ್ತು.

ಘಟ್ಟದಲ್ಲಿ ಪಂಪು ನಿಲ್ಲಿಸಿದರೂ ಮುಗಿಯುವುದಿಲ್ಲ. 24 ಅಂಗುಲದ ಕೊಳವೆಯ ಒಂದು ಕಿಲೋಮೀಟರಿನಲ್ಲಿ 2.7 ಲಕ್ಷ ಲೀಟರಿನಷ್ಟು ಎಣ್ಣೆ ತುಂಬಿರುತ್ತದೆ. ಕೆಳಗೆ ತೂತು ಬಿದ್ದರೆ ಮೇಲಿನ ಕವಾಟದ ತನಕ ಇರುವುದೆಲ್ಲ ತಾನಾಗಿ ಇಳಿದು ಬರುತ್ತದೆ.

ಹಾಗಾಗಿ ಕಣ್ಣಿಡಬೇಕಾದವರು ಊರಿನವರೇ. ಪಟ್ಟಿಯುದ್ದಕ್ಕೂ ಹುಲ್ಲು ಕಾರಣವಿಲ್ಲದೆ ಹಳದಿಯಾಗುವುದು, ಗದ್ದೆ ನೀರಿನಲ್ಲಿ ಗುಳ್ಳೆ, ಹಳ್ಳದ ಮೇಲೆ ಬಣ್ಣಬಣ್ಣದ ಪೊರೆ, ಸುಯ್ಯೆನ್ನುವ ಸದ್ದು, ವಾಸನೆ. ಇವುಗಳಲ್ಲಿ ಒಂದು ಕಂಡರೂ ಗಾಳಿ ಯಾವ ಕಡೆಯಿಂದ ಬೀಸಿ ಬರುತ್ತಿದೆಯೋ ಆ ಕಡೆಗೆ ಮುಖಮಾಡಿ, ಸೋರಿಕೆಯಿಂದ ದೂರ, ಎತ್ತರಕ್ಕೆ ನಡೆಯಿರಿ. ಪೆಟ್ರೋಲಿನ ಆವಿಯೂ ಅಡುಗೆ ಅನಿಲವೂ ಗಾಳಿಗಿಂತ ಭಾರ, ಹಳ್ಳದಲ್ಲಿ, ಬಾವಿಯಲ್ಲಿ, ತೋಟದಲ್ಲಿ ನೀರು ಇಂಗಿಸಲು ತೆಗೆದ ತೊಟ್ಟಿಲು ಗುಂಡಿಯಲ್ಲಿ ಮಡುಗಟ್ಟುತ್ತವೆ. ಬೈಕ್, ಪಂಪ್‌ಸೆಟ್ ಚಾಲೂ ಮಾಡಬೇಡಿ. ದೂರ ಹೋದ ಮೇಲೆ ಕಂಬದ ನಂಬರಿಗೆ, 112ಕ್ಕೆ ಫೋನ್ ಮಾಡಿ ಕಿಲೋಮೀಟರ್ ಸಂಖ್ಯೆ ಹೇಳಿ. ಚಿಮ್ಮುವ ಎಣ್ಣೆಯನ್ನು ಕೊಡದಲ್ಲಿ ಹಿಡಿಯಲು ಮಾತ್ರ ಯಾರನ್ನೂ ಬಿಡಬೇಡಿ. 2019ರ ಜನವರಿ 18ರಂದು ಮೆಕ್ಸಿಕೋದ ತ್ಲಾವೆಲಿಲ್ಪಾನಿನಲ್ಲಿ ಹಾಗೆ ನೆರೆದಿದ್ದ 130ಕ್ಕೂ ಹೆಚ್ಚು ಜನ ಬೆಂಕಿಗೆ ಬಲಿಯಾದರು.

ಬೆಂಕಿ ಆರುತ್ತದೆ, ನೀರಿಗಿಳಿದ ಎಣ್ಣೆ ಬಹುಕಾಲ ಉಳಿಯುತ್ತದೆ. ಪೆಟ್ರೋಲಿನಲ್ಲಿ ಶೇಕಡಾ ಒಂದರ ತನಕ ಬೆಂಜೀನ್ ಇರಬಹುದು, ಅದು ರಕ್ತದ ಕ್ಯಾನ್ಸರ್ ತರುವ ವಸ್ತು. ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಆ ಲೆಕ್ಕದಲ್ಲಿ ಒಂದು ಲೀಟರ್ ಪೆಟ್ರೋಲು 8 ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಮಿತಿ ಮೀರಿಸಬಲ್ಲದು. ನೈಜೀರಿಯಾದ ಓಗೋನಿ ನಾಡಿನ ಬಗ್ಗೆ 2011ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೊಟ್ಟ ವರದಿಯಲ್ಲಿ, ಒಂದು ಊರಿನವರು ಕುಡಿಯುತ್ತಿದ್ದ ಬಾವಿಯಲ್ಲಿ ಬೆಂಜೀನ್ ಈ ಮಿತಿಯ 900 ಪಟ್ಟಿಗಿಂತ ಹೆಚ್ಚಿತ್ತು. ಆ ನಾಡನ್ನು ಶುದ್ಧಮಾಡಲು 25ರಿಂದ 30 ವರ್ಷ ಬೇಕೆಂದು ಅದೇ ವರದಿ ಹೇಳಿತು.

ಎಣ್ಣೆ ತೆಗೆಯುವ ನಾಡುಗಳದ್ದು ಇನ್ನೂ ದೊಡ್ಡ ನೋವು. ಬಾವಿಯಿಂದ ಎಣ್ಣೆಯ ಜೊತೆಗೇ ಉಪ್ಪು, ಭಾರಲೋಹಗಳ ನೀರು ಮೇಲೆ ಬರುತ್ತದೆ, ಅನೇಕ ಕಡೆ ಎಣ್ಣೆಗಿಂತ ಹಲವು ಪಟ್ಟು. ಅಸ್ಸಾಮಿನ ಬಾಗ್ಜಾನಿನಲ್ಲಿ 2020ರ ಮೇ 27ರಂದು ಬಾವಿ ಸಿಡಿಯಿತು. ಜೂನ್ 9ರಂದು ಹತ್ತಿದ ಬೆಂಕಿ ಆರುವಾಗ ನವೆಂಬರ್. ಪಕ್ಕದ ಮಾಗುರಿ ಮೊಟಾಪುಂಗ್ ಜೌಗಿನ ಮೀನುಗಾರರು ಬದುಕು ಕಳೆದುಕೊಂಡರು. ಮೂಡಿಗೆರೆಯಲ್ಲಿ ಹುಟ್ಟಿ ಗೊರೂರು ಹಾದು ಕಾವೇರಿ ಸೇರುವ ಹೇಮಾವತಿಯ ನೀರು ಕೊನೆಗೆ ಮುಟ್ಟುವ ತಮಿಳುನಾಡಿನ ಗದ್ದೆಬಯಲಿನಲ್ಲೂ ಎಣ್ಣೆಬಾವಿಗಳಿವೆ. 2017ರಲ್ಲಿ ಕದಿರಾಮಂಗಲದ ಹೊಲದಲ್ಲಿ ಕೊಳವೆ ಸೋರಿ ಜನ ಬೀದಿಗಿಳಿದರು. 2020ರಲ್ಲಿ ಆ ರಾಜ್ಯ ಕಾನೂನು ಮಾಡಿ ಆ ಬಯಲಿನಲ್ಲಿ ಹೊಸ ಎಣ್ಣೆಬಾವಿಗಳನ್ನು ತಡೆಯಿತು.

ನಮ್ಮ ಕೈಯಲ್ಲಿ ಈಗಲೇ ಇರುವ ಕೆಲಸವೊಂದಿದೆ. ಕೊಳವೆಯ ಆಸುಪಾಸಿನ ಬಾವಿಯ ನೀರನ್ನು ಸೋರಿಕೆಗೆ ಮುಂಚೆಯೇ ಪರೀಕ್ಷೆ ಮಾಡಿಸಿಡಿ. ಹಿಂದಿನ ಲೆಕ್ಕ ಇಲ್ಲದಿದ್ದರೆ ಮುಂದೆ ನಷ್ಟ ಸಾಬೀತು ಮಾಡುವುದು ಕಷ್ಟ. ಪ್ಲಾಸ್ಟಿಕ್ ಬಾಟಲಿ ಬೇಡ. ಪ್ರಯೋಗಾಲಯದಿಂದಲೇ ಬಿಗಿ ಮುಚ್ಚಳದ ಗಾಜಿನ ಸೀಸೆ ಪಡೆಯಿರಿ. ಬೆಂಜೀನ್ ಆವಿಯಾಗಿ ಹಾರುವುದರಿಂದ ಒಳಗೆ ಗಾಳಿಗುಳ್ಳೆ ಉಳಿಯದಂತೆ ಕಂಠದ ತನಕ ತುಂಬಿ, ತಲೆಕೆಳಗು ಮಾಡಿ ನೋಡಿ. ಗುಳ್ಳೆ ಕಂಡರೆ ಮತ್ತೆ ತುಂಬಿ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ತಡಮಾಡದೆ ತಲುಪಿಸಿ. ಒಮ್ಮೆ ಬೇಸಿಗೆಯ ಕೊನೆಯಲ್ಲಿ, ಒಮ್ಮೆ ಮಳೆ ನಿಂತ ಮೇಲೆ. ತಾರೀಖು, ಸರ್ವೆ ನಂಬರ್, ಬಾವಿಯಲ್ಲಿ ನೀರಿನ ಮಟ್ಟ, ಹತ್ತಿರದ ಕಂಬದ ಸಂಖ್ಯೆ ಬರೆದು, ವರದಿಯ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ನಮಸ್ಕಾರ.