ಎಟಿಎಂ ಕಾರ್ಡು ಅವರ ಕೈಗೇ ಕೊಡಿ

ನಿರಾಶ್ರಿತರನ್ನು ಕೆನಡಾದ ಚರ್ಚುಗಳು ಕರೆಸಿಕೊಳ್ಳೋ ಪದ್ಧತಿಯನ್ನ ಎಲ್ಲರೂ ಹೊಗಳ್ತಾರೆ. ಹೊಗಳಲಿ, ತಪ್ಪೇನಿಲ್ಲ. 1979ರಲ್ಲಿ ಇದಕ್ಕಾಗಿ ಸರ್ಕಾರದ ಜೊತೆ ಮೊದಲ ಒಪ್ಪಂದಕ್ಕೆ ಸಹಿ ಹಾಕಿದ್ದೇ ಮೆನೊನೈಟ್ ಅನ್ನೋ ಕ್ರೈಸ್ತ ಪಂಗಡದ ಸಭೆಗಳ (ಅಂದ್ರೆ ಚರ್ಚುಗಳ) ಸಂಸ್ಥೆ. ಆ ವರ್ಷ, ಮುಂದಿನ ವರ್ಷ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾದಿಂದ ಬಂದ ಸುಮಾರು 60,000 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹೊಣೆ ನಿಂತವರು ಸಾಮಾನ್ಯ ಜನ, ಅವರಲ್ಲಿ ಬಹಳಷ್ಟು ಚರ್ಚಿನವರು. ನನ್ನ ತಕರಾರು ಇರೋದು ವಿಮಾನ ಇಳಿದ ಮೇಲಿನದ್ದರ ಬಗ್ಗೆ.

ನಿಯಮ ಇಷ್ಟು: 12 ತಿಂಗಳು, ಇಲ್ಲವೇ ಕುಟುಂಬ ತನ್ನ ಕಾಲ ಮೇಲೆ ನಿಲ್ಲೋವರೆಗೆ, ಬಾಡಿಗೆ, ಊಟ, ಬಟ್ಟೆ ಎಲ್ಲ ಪ್ರಾಯೋಜಕರದ್ದು, ಅಂದ್ರೆ ಕರೆಸಿಕೊಂಡವರದ್ದು. ಸಿನ್ ನಂಬರು (ಕೆಲಸಕ್ಕೆ ಸೇರೋಕೆ ಬೇಕಾದ ಸರ್ಕಾರಿ ಗುರುತಿನ ಸಂಖ್ಯೆ), ಹೆಲ್ತ್ ಕಾರ್ಡು, ಶಾಲೆ, ಮಕ್ಕಳ ಭತ್ಯೆಯ ಅರ್ಜಿ, ಇವನ್ನೆಲ್ಲ ಸಭೆಯವರು ಅಚ್ಚುಕಟ್ಟಾಗೇ ಮಾಡ್ತಾರೆ. ಎಡವೋದು ದುಡ್ಡಿನ ಹತ್ತಿರ.

ಬಾಡಿಗೆ ಸಭೆಯ ಖಜಾಂಚಿಯೇ ಕಟ್ತಾರೆ. ದಿನಸಿಗೆ ಗಿಫ್ಟ್ ಕಾರ್ಡು ಕೊಡ್ತಾರೆ, ಆಮೇಲೆ ರಸೀದಿ ಕೇಳ್ತಾರೆ. ಸಿರಿಯಾದ ಅಲೆಪ್ಪೊದಲ್ಲಿ ಇಪ್ಪತ್ತು ವರ್ಷ ಅಂಗಡಿ ನಡೆಸಿದವನೊಬ್ಬ ಹೆಂಡತಿಗೆ ಚಪ್ಪಲಿ ಕೊಂಡಿದ್ದಕ್ಕೆ ಲೆಕ್ಕ ಒಪ್ಪಿಸಬೇಕು ಅಂದ್ರೆ ಹೇಗಿರುತ್ತೆ ಯೋಚಿಸಿ. ಊರಲ್ಲಿರೋ ತಾಯಿಗೆ ನಾಲ್ಕು ಕಾಸು ಕಳಿಸಿದ್ರಂತೂ ಸಭೆಯಲ್ಲಿ ಗುಸುಗುಸು ಶುರು.

ಏಟು ಬೀಳೋದು 13ನೇ ತಿಂಗಳಲ್ಲಿ. ವಿಮಾನದ ಟಿಕೆಟ್ಟು ಎಷ್ಟೋ ಕುಟುಂಬಗಳಿಗೆ ಸರ್ಕಾರ ಕೊಟ್ಟ ಸಾಲ. 2018ರಿಂದ ಅದಕ್ಕೆ ಬಡ್ಡಿ ಇಲ್ಲ ನಿಜ, ಆದರೆ ಬಂದು ವರ್ಷ ತುಂಬಿದ ಮೇಲೆ ಕಂತು ಶುರು. ಅಂದ್ರೆ ಪ್ರಾಯೋಜಕರ ಹಣ ನಿಲ್ಲೋದು, ಸಾಲದ ಕಂತು ಬರೋದು, ಎರಡೂ ಒಟ್ಟಿಗೇ. ಅಲ್ಲಿವರೆಗೆ ಒಂದು ಕರೆಂಟ್ ಬಿಲ್ಲನ್ನೂ ತಾವೇ ಕಟ್ಟದವರು ಏನು ಮಾಡಬೇಕು?

ಹಾಗಾಗಿ ಬ್ಯಾಂಕ್ ಖಾತೆ ತೆರೆದ ದಿನವೇ ತಿಂಗಳ ಪೂರ್ತಿ ಮೊತ್ತ ಅವರ ಖಾತೆಗೆ ಹೋಗಲಿ. ಬಾಡಿಗೆ ಕರಾರು ಅವರ ಹೆಸರಲ್ಲಿರಲಿ. ಒಂದೆರಡು ತಿಂಗಳು ಪಕ್ಕದಲ್ಲಿ ಕೂತು ಬಿಲ್ಲು ಓದೋದು ತೋರಿಸಿ, ಆಮೇಲೆ ಕೈ ಬಿಡಿ. ದುಡ್ಡು ಪೋಲಾದೀತು ಅನ್ನೋ ಭಯ ಇದ್ದರೆ, ಪೋಲಾಗಲಿ ಬಿಡಿ. ಕೈಹಿಡಿಯೋಕೆ ನೀವಿರುವಾಗಲೇ ತಪ್ಪು ಆಗಿ ಹೋಗೋದು ವಾಸಿ.

ಮಕ್ಕಳನ್ನ ದುಭಾಷಿ ಮಾಡಬೇಡಿ. ಶಾಲೆಗೆ ಹೋಗೋ ಮಗು ಇಂಗ್ಲಿಷ್ ಬೇಗ ಕಲಿಯುತ್ತೆ, ನಿಜ. ಹಾಗಂತ ಅಮ್ಮನ ರಕ್ತಸ್ರಾವದ ವಿಷಯವನ್ನ ಹತ್ತು ವರ್ಷದ ಮಗಳ ಬಾಯಿಂದ ಡಾಕ್ಟರಿಗೆ ಹೇಳಿಸೋದೇ? ಫೋನಿನಲ್ಲಿ ಸಿಗೋ ದುಭಾಷಿಗೆ ಬಜೆಟ್ಟಿನಲ್ಲಿ ಮೊದಲೇ ಹಣ ಎತ್ತಿಡಿ. ಹಾಗೇ, ಹಳೇ ಹಾಸಿಗೆ ದಾನ ಬೇಡ. ತಿಗಣೆ ಬರುತ್ತೆ.

ಕೊನೇದು ಆರಾಧನೆ. ಬಂದವರಲ್ಲಿ ಮುಸ್ಲಿಮರೂ ಬಹಳ. ಪರದೇಶಿಯನ್ನ ಸೇರಿಸಿಕೊಳ್ಳಿ ಅನ್ನೋ ಬೈಬಲ್ಲಿನ ಮತ್ತಾಯನ 25ನೇ ಅಧ್ಯಾಯದಲ್ಲಿ ಭಾನುವಾರದ ಹಾಜರಿಯ ಷರತ್ತಿಲ್ಲ. ಬಾಡಿಗೆ ಕೊಡೋರು ಬಾಯ್ತುಂಬ "ಬನ್ನಿ" ಅಂದ್ರೂ ಕೇಳೋರಿಗೆ ಅದು ಅಪ್ಪಣೆ ಥರಾನೇ. ಹಣ ನೋಡಿಕೊಳ್ಳೋರು ಆ ಕುಟುಂಬವನ್ನ ಚರ್ಚಿಗೆ ಕರೆಯಲೇಬಾರದು. ಕರೀಲೇಬೇಕು ಅಂದ್ರೆ ಬೇರೆ ಯಾರಾದರೂ ಕರೀಲಿ, ಅದೂ ಆ 12 ತಿಂಗಳು ಕಳೆದ ಮೇಲೆ.